ಗುಡ್ಡ ಇಳಿಯಲು ಹಿಂಜರಿದ ಹಸು

(ತೀರ್ಥಹಳ್ಳಿ ಕಡೆಯ ಹಳ್ಳಿಯೊಂದರ ಹಾಲಿನ ಸೊಸೈಟಿಯಲ್ಲಿ ಆಡಿದ ಮಾತು)

ಎಲ್ಲರಿಗೂ ನಮಸ್ಕಾರ. ಇಷ್ಟು ಮಳೆಯಲ್ಲೂ ಹಾಲು ಹಾಕಿ ಮನೆಗೆ ಓಡದೆ ಕೂತಿದ್ದೀರಿ, ತುಂಬಾ ಸಂತೋಷ. ಮೂವತ್ತು ವರ್ಷ ಈ ಮಲೆನಾಡಿನಲ್ಲೇ ಪಶುವೈದ್ಯನಾಗಿ ಓಡಾಡಿದವನು ನಾನು. ಇವತ್ತು ಔಷಧಿ ವಿಷಯ ತೆಗೆಯುವುದಿಲ್ಲ. ದನ ಹೇಗೆ ಕೂಗುತ್ತೆ, ಹೇಗೆ ನಿಲ್ಲುತ್ತೆ, ಅದರಲ್ಲಿ ನಮಗೆ ಏನು ಹೇಳುತ್ತೆ, ಅಷ್ಟೇ ಮಾತಾಡೋಣ.

ನನ್ನ ಒಂದು ತಪ್ಪಿನಿಂದಲೇ ಶುರು ಮಾಡುತ್ತೇನೆ. ಕೆಲಸಕ್ಕೆ ಸೇರಿ ಮೂರನೇ ವರ್ಷ. ಒಬ್ಬರು ಅಜ್ಜಿ ಆಸ್ಪತ್ರೆಗೆ ಬಂದು ಹೇಳಿದರು: "ಡಾಕ್ಟ್ರೇ, ನಮ್ಮ ಗೌರಿ ಗುಡ್ಡ ಹತ್ತುತ್ತೆ, ಇಳಿಯೋಕೆ ಮಾತ್ರ ಒಲ್ಲೆ ಅನ್ನುತ್ತೆ. ಎಲ್ಲ ದನ ಕೊಟ್ಟಿಗೆಗೆ ಬಂದ ಮೇಲೆ ಒಂದೊಂದೇ ಹೆಜ್ಜೆ ಇಟ್ಟುಕೊಂಡು ಬರುತ್ತೆ." ನಾನು ಹೋಗಿ ನೋಡಿದೆ. ಸ್ವಲ್ಪ ಜ್ವರ ಇತ್ತು, ಮೆಲುಕು ಕಡಿಮೆಯಾಗಿತ್ತು. ಅಜೀರ್ಣ ಅಂತ ಪುಡಿ ಕೊಟ್ಟು ಬಂದೆ. ಹತ್ತು ದಿನ ಬಿಟ್ಟು ಹೋದಾಗ ಕತ್ತಿನ ಕೆಳಗೆ ಜೋಲುವ ಗಂಗೆದೊಗಲು ನೀರು ತುಂಬಿದ ಚೀಲದ ಹಾಗೆ ಊದಿತ್ತು. ಗೌರಿ ಉಳಿಯಲಿಲ್ಲ. ಕೊಯ್ದು ನೋಡಿದಾಗ ಒಳಗೆ ಬೆರಳುದ್ದದ ಬೇಲಿ ತಂತಿ ಸಿಕ್ಕಿತು.

ದನ ನಮ್ಮ ಹಾಗೆ ಆರಿಸಿ ಅಗಿದು ತಿನ್ನುವುದಿಲ್ಲ. ನಾಲಿಗೆಯಿಂದ ಹುಲ್ಲನ್ನು ಬಾಚಿಕೊಂಡು ನುಂಗುತ್ತೆ. ಆಮೇಲೆ ನಿಧಾನವಾಗಿ ಮೆಲುಕು ಹಾಕುತ್ತೆ. ಹುಲ್ಲಿನ ಜೊತೆ ಹೋದ ತಂತಿ, ಮೊಳೆ ಎರಡನೇ ಹೊಟ್ಟೆಯಲ್ಲಿ ಕೂರುತ್ತವೆ. ಜೇನುಗೂಡಿನ ಹಾಗೆ ಕಾಣುತ್ತಲ್ಲ, ಆ ಹೊಟ್ಟೆ. ಅದರ ಮುಂದೆ ಒಂದು ತೆಳು ಪರದೆ, ಪರದೆಯ ಆಚೆ ಹೃದಯ. ಹೊಟ್ಟೆ ಹಿಂಡಿದಾಗಲೆಲ್ಲ ತಂತಿ ಸ್ವಲ್ಪ ಸ್ವಲ್ಪವೇ ಮುಂದೆ ಚುಚ್ಚಿಕೊಂಡು ಹೋಗುತ್ತೆ. ಇಳಿಜಾರಿನಲ್ಲಿ ಹೊಟ್ಟೆಯ ಭಾರವೆಲ್ಲ ಮುಂದಕ್ಕೆ ಬೀಳುತ್ತೆ, ನೋವು ಜಾಸ್ತಿಯಾಗುತ್ತೆ. ಹತ್ತುವಾಗ ಭಾರ ಹಿಂದಕ್ಕೆ ಸರಿಯುತ್ತೆ, ಅದಕ್ಕೇ ಗೌರಿ ಆರಾಮಾಗಿ ಹತ್ತುತ್ತಿತ್ತು. ಅಜ್ಜಿ ಶಾಲೆಗೆ ಹೋದವರಲ್ಲ. ನಾನು ಪರೀಕ್ಷೆಗೆ ಬಾಯಿಪಾಠ ಮಾಡಿದ್ದ ಲಕ್ಷಣವನ್ನೇ ಅವರು ಬಾಗಿಲಿಗೆ ಬಂದು ಹೇಳಿದ್ದರು. ನನ್ನ ಕಿವಿಗೆ ಅದು ಬೀಳಲಿಲ್ಲ. ಇವತ್ತಿಗೂ ಅದು ನನ್ನನ್ನು ಕಾಡುತ್ತೆ.

ಬೆನ್ನು ಬಿಲ್ಲಿನ ಹಾಗೆ ಬಾಗಿಸಿ, ಮುಂಗಾಲಿನ ಮೊಣಕೈ ಹೊರಗೆ ಚಾಚಿ ನಿಂತರೆ, ಏಳುವಾಗ ಮಲಗುವಾಗ ನರಳಿದರೆ, ಹಾಲು ಒಂದೇ ದಿನದಲ್ಲಿ ಇಳಿದರೆ ಕಾಯಬೇಡಿ. ಹೆಗಲ ಮೇಲಿನ ಚರ್ಮವನ್ನು ಎರಡೂ ಕೈಯಲ್ಲಿ ಹಿಡಿದು ಹಿಂಡಿ ನೋಡಿ. ಆರೋಗ್ಯವಾಗಿರುವ ದನ ಬೆನ್ನು ಕೆಳಗೆ ತಗ್ಗಿಸುತ್ತೆ. ಒಳಗೆ ನೋವಿರುವ ದನ ಬೆನ್ನು ತಗ್ಗಿಸಲು ಹೆದರುತ್ತೆ, ಸುಮ್ನೆ ಬಿಗಿದು ನಿಲ್ಲುತ್ತೆ, ಇಲ್ಲಾ ನರಳುತ್ತೆ. ಬೇಗ ಗೊತ್ತಾದರೆ ಹೊಟ್ಟೆಗೆ ಅಯಸ್ಕಾಂತ ನುಂಗಿಸಿ ತಂತಿಯನ್ನು ಹಿಡಿದಿಡಬಹುದು, ಆಪರೇಷನ್ ಮಾಡಬಹುದು. ಬೇಲಿ ಕಟ್ಟಿದ ದಿನ ತುಂಡು ತಂತಿಗಳನ್ನು ಆರಿಸಿ ತೆಗೆಯುವುದಂತೂ ಖರ್ಚಿಲ್ಲದ ಕೆಲಸ.

ಇಷ್ಟು ನೋವಿದ್ದರೂ ದನ ಯಾಕೆ ಕೂಗುವುದಿಲ್ಲ ಅಂತ ನೀವು ಕೇಳಬಹುದು. ಹುಲಿ, ಸೀಳುನಾಯಿಗಳ ಕಣ್ಣೆದುರು ಮೇಯ್ದು ಬಂದ ಜಾತಿ ಅದು. ಕುಂಟಿದ್ದು, ನರಳಿದ್ದು ಗೊತ್ತಾದರೆ ಮೊದಲು ಅದರ ಮೇಲೇ ಎರಗುತ್ತವೆ. ಹಾಗಾಗಿ ನೋವು ಮುಚ್ಚಿಡುವುದು ಅದರ ರಕ್ತದಲ್ಲೇ ಇದೆ. ಸದ್ದಿಲ್ಲದೆ ಹಲ್ಲು ಕಡಿಯುತ್ತೆ. ಉಳಿದವುಗಳಿಂದ ದೂರ ನಿಲ್ಲುತ್ತೆ. ಕಿವಿ ಜೋತು ಬೀಳುತ್ತೆ. ಹೊಟ್ಟೆನೋವಾದರೆ ಹಿಂಗಾಲಿನಿಂದ ಹೊಟ್ಟೆಗೆ ಒದ್ದುಕೊಳ್ಳುತ್ತೆ. ನನ್ನ ಅಮ್ಮ ಬೆಳಿಗ್ಗೆ ಕೊಟ್ಟಿಗೆಗೆ ಹೋದರೆ ಕೆಚ್ಚಲು ಮುಟ್ಟುವ ಮೊದಲು ಕಿವಿ ಮುಟ್ಟುತ್ತಿದ್ದರು. ಕರು ಹಾಕಿದ ಒಂದೆರಡು ದಿನದಲ್ಲಿ ಕಿವಿ ತಣ್ಣಗಿದ್ದು, ದನ ಕತ್ತನ್ನು ಪಕ್ಕೆಯ ಕಡೆ ತಿರುಗಿಸಿ ಮಲಗಿದ್ದರೆ ಅದು ಹಾಲುಜ್ವರ. ಹೆಸರು ಜ್ವರ, ಆದರೆ ಮೈ ತಣ್ಣಗಿರುತ್ತೆ. ರಕ್ತದಲ್ಲಿ ಕ್ಯಾಲ್ಸಿಯಂ ಕುಸಿದಿರುತ್ತೆ. ಒಂದೆರಡು ಗಂಟೆ ತಡವಾದರೂ ಕಷ್ಟ. ತಕ್ಷಣ ಪಶು ಚಿಕಿತ್ಸೆಯ ಸಹಾಯವಾಣಿ 1962ಕ್ಕೆ ಫೋನ್ ಮಾಡಿ.

ಇನ್ನು ಕೂಗಿನ ವಿಷಯ. ನನಗೆ ತುಂಬಾ ಇಷ್ಟವಾದದ್ದು ತಾಯಿ ಮತ್ತು ಕರುವಿನ ಮಾತು. ಈಗಷ್ಟೇ ಹುಟ್ಟಿದ ಕರುವನ್ನು ನೆಕ್ಕುತ್ತಾ ಹಸು ಬಾಯಿ ಮುಚ್ಚಿಕೊಂಡೇ ಗಂಟಲೊಳಗೆ "ಹ್ಮ್ಮ್" ಅನ್ನುತ್ತೆ. ಪಕ್ಕದಲ್ಲಿ ಕೂತವರಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ. ಕರು ಕಣ್ಣಿಗೆ ಬೀಳದಿದ್ದರೆ ಬಾಯಿ ತೆರೆದು, ಕತ್ತು ಚಾಚಿ, ಗುಡ್ಡಕ್ಕೆ ಕೇಳುವ ಹಾಗೆ "ಅಂಬಾ" ಅನ್ನುತ್ತೆ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಮತ್ತು ಲಂಡನ್ನಿನ ವಿಜ್ಞಾನಿಗಳು ಈ ಎರಡೂ ಕೂಗನ್ನು ರೆಕಾರ್ಡ್ ಮಾಡಿ ಅಳೆದು ನೋಡಿದ್ದಾರೆ. ಪ್ರತಿ ಹಸುವಿನ ಕೂಗೂ ಬೇರೆ, ಪ್ರತಿ ಕರುವಿನದೂ ಬೇರೆ ಅಂತ 2014ರಲ್ಲಿ ಪ್ರಕಟಿಸಿದರು. ನಮ್ಮ ಹೆಂಗಸರು ಅಡುಗೆಮನೆಯಿಂದಲೇ "ಕೂಗಿದ್ದು ಕಪಿಲೆ" ಅಂತ ಹೇಳುತ್ತಾರೆ, ಅಲ್ವಾ? ಅದು ಬರೀ ಊಹೆ ಆಗಿರಲಿಲ್ಲ.

ರಾತ್ರಿ ಇಡೀ ಬಿಟ್ಟು ಬಿಟ್ಟು ಕೂಗುವುದು, ಮೇವು ಬಿಡುವುದು, ಬೇರೆ ದನ ಮೇಲೆ ಹತ್ತಿದರೆ ಕದಲದೆ ನಿಲ್ಲುವುದು, ಗಾಜಿನ ಹಾಗಿನ ಲೋಳೆ, ಇವೆಲ್ಲ ಬೆದೆಯ ಗುರುತು. ಸುಮಾರು 21 ದಿನಕ್ಕೊಮ್ಮೆ ಬರುತ್ತೆ. ಬೆಳಿಗ್ಗೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಗರ್ಭ ಕಟ್ಟುವ ಇಂಜೆಕ್ಷನ್ (ಕೃತಕ ಗರ್ಭಧಾರಣೆ) ಕೊಡಿಸಿ. ಎಮ್ಮೆಯದು ಮೂಕ ಬೆದೆ, ಕೂಗಿಗೆ ಕಾದರೆ ತಪ್ಪಿಹೋಗುತ್ತೆ.

ನಮ್ಮ ಮಲೆನಾಡು ಗಿಡ್ಡದ ಬಗ್ಗೆ ಒಂದು ಮಾತು. ಮೂರಡಿ ಎತ್ತರದ ದನ, ಒಂದೆರಡು ಲೀಟರ್ ಹಾಲು. ಬೆಳಿಗ್ಗೆ ಕಾಡಿಗೆ ಹೋಗಿ ಸಂಜೆ ತಾನೇ ಮನೆಗೆ ಬರುತ್ತೆ. ಅದನ್ನು "ಹಾಯುವ ದನ, ಒದೆಯುವ ದನ" ಅಂತ ದೂರುವವರೇ ಜಾಸ್ತಿ. ಆದರೆ ದನದ ಕಣ್ಣು ತಲೆಯ ಎರಡು ಪಕ್ಕದಲ್ಲಿರುತ್ತೆ. ಸುತ್ತಲೂ ಸುಮಾರು 330 ಡಿಗ್ರಿ ಕಾಣುತ್ತೆ, ನೇರ ಹಿಂದೆ ಮಾತ್ರ ಏನೂ ಕಾಣುವುದಿಲ್ಲ. ಅಲ್ಲಿಂದ ಸದ್ದಿಲ್ಲದೆ ಹೋಗಿ ಬಾಲಕ್ಕೆ ಕೈ ಹಾಕಿದರೆ ಒದೆಯದೆ ಇನ್ನೇನು ಮಾಡೀತು? ಪಕ್ಕದಿಂದ ಬನ್ನಿ, ಹೆಸರು ಹಿಡಿದು ಕರೆಯಿರಿ. ಮುಂದೆ ಹೊರಡಿಸಬೇಕಾದರೆ ಭುಜದಿಂದ ಸ್ವಲ್ಪ ಹಿಂದೆ ನಿಂತು ಹೆಜ್ಜೆ ಇಡಿ. ಭುಜದ ಮುಂದೆ ನಿಂತರೆ ಅದು ಹಿಂದೆ ಸರಿಯುತ್ತೆ. ಕೋಲು ಬೇಕಾಗುವುದೇ ಇಲ್ಲ. ಹೆದರಿದ ದನ ಹಾಲನ್ನೂ ಇಳಿಸುವುದಿಲ್ಲ. ಕೂಗಾಡಿ ಹೊಡೆದು ಕಟ್ಟಿದ ದಿನ ಕೆಚ್ಚಲಲ್ಲಿ ಹಾಲಿದ್ದೂ ಬಕೆಟ್ ತುಂಬದಿರುವುದು ಅದಕ್ಕೇ.

ನಿಮ್ಮನ್ನು ಒಂದೇ ಒಂದು ಕೇಳಿಕೊಳ್ಳುತ್ತೇನೆ. ದಿನಾ ಐದು ನಿಮಿಷ ಬಕೆಟ್ ಇಲ್ಲದೆ ಕೊಟ್ಟಿಗೆಯಲ್ಲಿ ನಿಲ್ಲಿ. ಆರಾಮಾಗಿರುವ ದನ ದಿನಕ್ಕೆ ಏಳೆಂಟು ಗಂಟೆ ಮೆಲುಕು ಹಾಕುತ್ತೆ. ಒಂದು ತುತ್ತು ಮೇಲೆ ಬಂದರೆ 40ರಿಂದ 60 ಸಲ ಅಗಿಯುತ್ತೆ. ಎಣಿಸಿ ನೋಡಿ. ಒಂದು ವಾರ ಎಣಿಸಿದರೆ ನಿಮ್ಮ ದನದ ಲೆಕ್ಕ ನಿಮಗೆ ಸಿಗುತ್ತೆ. ಮುಂದೆ ಅದು ಇಪ್ಪತ್ತಕ್ಕೆ ಇಳಿದ ದಿನ ನಮಗೆ ಹೇಳಿ. ಆ ಅಜ್ಜಿಯ ಹಾಗೆ, ಕಂಡಿದ್ದನ್ನು ಕಂಡ ಹಾಗೇ ಹೇಳಿ. ಡಾಕ್ಟರು ಅವಸರ ಮಾಡಿದರೆ ಇನ್ನೊಂದು ಸಲ ಹೇಳಿ.

ಸೊಸೈಟಿ ಹಿಂದಿನ ಮನೆಯ ಗಿಡ್ಡ ಇವತ್ತು ಕರು ಹಾಕುವ ಹಾಗಿದೆಯಂತೆ. ಬರುವಾಗ ನೋಡಿದೆ, ಬಾಲದ ಬುಡದ ಎರಡೂ ಪಕ್ಕ ಗುಳಿ ಬಿದ್ದಿದೆ, ಬಾಲ ಎತ್ತಿಕೊಂಡೇ ನಿಂತಿದೆ. ಮನೆಯವರು ಒಪ್ಪಿದ್ದಾರೆ. ನಾಲ್ಕೈದು ಜನ ಮಾತ್ರ ನನ್ನ ಜೊತೆ ಬನ್ನಿ, ದೂರದಲ್ಲಿ ಸದ್ದಿಲ್ಲದೆ ನಿಲ್ಲೋಣ. ಆ "ಹ್ಮ್ಮ್" ಇವತ್ತು ನಿಮಗೂ ಕೇಳಬಹುದು.