ವಾದ್ಯದ ಭಾಗಗಳಿಗೆ ಹೆಸರಿಟ್ಟು ಕರೆಯೋದು

ಕೇಳುಗರಿಗೆಲ್ಲ ನಮಸ್ಕಾರ್ರಿ. ಇವತ್ತು ನಾನು ರಾಗ, ತಾಳದ ವಿಷಯ ಎತ್ತಲ್ಲ, ವಾದ್ಯಗಳ ಭಾಗಗಳಿಗೆ ಇಂಗ್ಲಿಷಲ್ಲಿ ಏನಂತಾರೆ, ಆ ಹೆಸರುಗಳು ನಮ್ಮ ಮಕ್ಕಳಿಗೆ ಯಾಕೆ ಗೊತ್ತಿರಬೇಕು ಅನ್ನೋದನ್ನ ಹೇಳೋಣ ಅಂತ ಬಂದೀನಿ. ದಾವಣಗೆರೆ ಇರಲಿ ಚಿತ್ರದುರ್ಗ ಇರಲಿ, ನಮ್ಮ ಕಡೆ ಪಿಟೀಲು ಕೆಟ್ಟರೆ ಬೆಂಗಳೂರಿಗೋ ಹುಬ್ಬಳ್ಳಿಗೋ ಫೋನ್ ಮಾಡ್ತೀವಿ, ತಂತಿ ಹರಿದರೆ ಆನ್‌ಲೈನಲ್ಲಿ ತರಿಸ್ತೀವಿ, ಯೂಟ್ಯೂಬ್ ನೋಡಿ ಕಲಿಯೋ ಹುಡುಗರೂ ಬಾಳ ಜನ ಅದಾರೆ, ಈ ಮೂರು ಕಡೆನೂ ನಡೆಯೋದು ಇಂಗ್ಲಿಷ್ ಹೆಸರುಗಳೇ. "ಅದೇ ರೀ, ಮೇಲೆ ತಿರುಗಿಸ್ತೀವಲ್ಲ ಅದು" ಅಂದ್ರೆ ಫೋನಿನ ಆ ಕಡೆ ಇರೋರಿಗೆ ಏನು ಗೊತ್ತಾಗಬೇಕು ಹೇಳ್ರಿ.

ನನ್ನ ಹತ್ರ ಕಲಿಯೋ ಹುಡುಗಿಯೊಬ್ಬಳ ತಂದೆ ಒಂದಿನ ಫೋನ್ ಮಾಡಿದ್ರು. "ಮೇಡಂ, ಮಗಳ ವಯಲಿನ್ ಅಲ್ಲಾಡಿಸಿದ್ರೆ ಒಳಗೆ ಲೊಟಲೊಟ ಅಂತೈತ್ರಿ, ಪೆನ್ಸಿಲ್ ತುಂಡಿನ ಥರ ಏನೋ ಬಿದ್ದೈತಿ, ಹುಡುಗ್ರು ಆಟ ಆಡ್ತಾ ತೂರಿಸಿರಬೇಕು, ಚಿಮಟದಲ್ಲಿ ತೆಗೆದು ಬಿಸಾಕ್ಲಾ?" ಅಂತ. "ಬ್ಯಾಡ್ರಪ್ಪ, ಬಿಸಾಕಬ್ಯಾಡ್ರಿ, ಅದೇ ಪಿಟೀಲಿನ ಜೀವ" ಅಂದೆ. ಅದು ಸೌಂಡ್ ಪೋಸ್ಟ್. ಸುಮಾರು 6 ಮಿಲಿಮೀಟರ್ ದಪ್ಪದ ಸ್ಪ್ರೂಸ್ ಮರದ ಕಡ್ಡಿ, ಪಿಟೀಲಿನ ಹೊಟ್ಟೆ ಒಳಗೆ ಮೇಲಿನ ಹಲಗೆಗೂ ಕೆಳಗಿನ ಹಲಗೆಗೂ ನಡುವೆ ನೆಟ್ಟಗೆ ನಿಂತಿರುತ್ತೆ. ಅದಕ್ಕೆ ಅಂಟಿಲ್ಲ, ಮೊಳೆ ಇಲ್ಲ, ಅಳತೆಗೆ ಸರಿಯಾಗಿ ಕತ್ತರಿಸಿ ಬಿಗಿಯಾಗಿ ನಿಲ್ಲಿಸಿರ್ತಾರೆ, ತಂತಿಗಳ ಒತ್ತಡ ಮೇಲಿಂದ ಬಿದ್ದು ಅದನ್ನ ಹಿಡ್ಕೊಂಡಿರುತ್ತೆ ಅಷ್ಟೇ. ಆ ತಂದೆ ಪಾಪ ಪಿಟೀಲು ಒರೆಸೋಣ ಅಂತ ನಾಲ್ಕೂ ತಂತಿ ಒಟ್ಟಿಗೆ ಸಡಿಲ ಮಾಡಿದ್ರಂತೆ, ಒತ್ತಡ ಹೋಯ್ತು, ಕಡ್ಡಿ ಬಿತ್ತು. ಅದಕ್ಕೇ ತಂತಿ ಬದಲಾಯಿಸುವಾಗ ಒಂದನ್ನ ಬಿಚ್ಚಿ, ಹೊಸದು ಹಾಕಿ ಬಿಗಿ ಮಾಡಿ, ಆಮೇಲೆ ಇನ್ನೊಂದಕ್ಕೆ ಕೈ ಹಾಕಬೇಕು. ಫ್ರೆಂಚ್ ಭಾಷೆಯಲ್ಲೂ ಇಟಾಲಿಯನ್ನಲ್ಲೂ ಈ ಕಡ್ಡಿಗೆ ಆತ್ಮ ಅನ್ನೋ ಹೆಸರೇ ಇಟ್ಟಿದಾರೆ, ಅದು ಬಿದ್ದ ಪಿಟೀಲನ್ನ ಒಂದ್ಸಲ ಕೇಳಿದೋರಿಗೆ ಯಾಕೆ ಅಂತ ಬೇರೆ ಹೇಳಬೇಕಾಗಿಲ್ಲ, ದನಿ ಪೊಳ್ಳಾಗಿರುತ್ತೆ. ಬಿದ್ದಾಗ ಮನೇಲಿ ನಿಲ್ಲಿಸೋಕೆ ಹೋಗಬೇಡಿ. ಎಲ್ಲಾ ತಂತಿ ಸಡಿಲವಾಗೇ ಬಿಟ್ಟು ರಿಪೇರಿಯವರ ಹತ್ರ ಒಯ್ಯಿರಿ, ಕಡ್ಡಿ ಇಲ್ಲದೆ ತಂತಿ ಬಿಗಿದ್ರೆ ಮೇಲಿನ ಹಲಗೆ ಸೀಳೋ ಅಪಾಯ ಐತೆ.

ಸೌಂಡ್ ಪೋಸ್ಟ್ ಗೊತ್ತಾದ್ರೆ ಬ್ರಿಜ್, ಅಂದ್ರೆ ತಂತಿಗಳನ್ನ ಎತ್ತಿ ಹಿಡಿಯೋ ತುಂಡು, ತಾನಾಗೇ ಅರ್ಥ ಆಗುತ್ತೆ. ವೀಣೆಯವರು ತಂಬೂರಿಯವರು ಕುದುರೆ ಅಂತಾರಲ್ಲ, ಅದೇ. ಪಿಟೀಲಿನ ಬ್ರಿಜ್ ಮೇಪಲ್ ಮರದ್ದು, ಅದಕ್ಕೂ ಅಂಟಿಲ್ಲ, ಎರಡು ಪಾದದ ಮೇಲೆ ನಿಂತಿರುತ್ತೆ. ಸಣ್ಣ ತಂತಿ ಕಡೆ ಪಾದದ ಸ್ವಲ್ಪ ಹಿಂದೆ, ಒಳಗಡೆ, ಸೌಂಡ್ ಪೋಸ್ಟ್ ಇರುತ್ತೆ, ದಪ್ಪ ತಂತಿ ಕಡೆ ಪಾದದ ಕೆಳಗೆ ಒಳಗಡೆ ಬಾಸ್ ಬಾರ್ ಅಂತ ಉದ್ದನೆ ಪಟ್ಟಿ ಅಂಟಿಸಿರ್ತಾರೆ. ತಂತಿ ನಡುಗಿದ್ರೆ ಬ್ರಿಜ್ ನಡುಗುತ್ತೆ, ಬ್ರಿಜ್ಜಿಂದ ಮೇಲಿನ ಹಲಗೆಗೆ, ಅಲ್ಲಿಂದ ಕಡ್ಡಿ ಮೂಲಕ ಕೆಳಗಿನ ಹಲಗೆಗೆ ನಡುಕ ಇಳಿಯುತ್ತೆ, ಒಳಗಿನ ಗಾಳಿ ಎಫ್ ಹೋಲ್ ಅನ್ನೋ ಆ ಎರಡು ಸೀಳಿಂದ ಉಸಿರಾಡುತ್ತೆ. ಪದೇ ಪದೇ ಶ್ರುತಿ ಮಾಡ್ತಾ ಇದ್ರೆ ತಂತಿಗಳು ಬ್ರಿಜ್ಜಿನ ತಲೆಯನ್ನ ಫಿಂಗರ್‌ಬೋರ್ಡ್, ಅಂದ್ರೆ ಬೆರಳಿಡೋ ಪಟ್ಟಿ ಕಡೆಗೆ ಎಳೀತಾವೆ, ದಿನಾ ಒಂದು ಸಲ ಪಕ್ಕದಿಂದ ಕಣ್ಣಳತೆ ನೋಡ್ರಿ, ವಾಲಿದ್ರೆ ಎರಡೂ ಕೈಲಿ ಹಿಡಿದು ಮೆಲ್ಲಗೆ ನೆಟ್ಟಗೆ ಮಾಡಿ. ಮಾಡದಿದ್ರೆ ಒಂದಿನ ಟಪ್ ಅಂತ ಬೀಳುತ್ತೆ.

ಉಳಿದ ಹೆಸರುಗಳನ್ನ ಮೇಲಿಂದ ಕೆಳಗೆ ಹೇಳ್ಬಿಡ್ತೀನಿ. ತುದಿಯಲ್ಲಿ ಸುರುಳಿ ಸುತ್ತಿಕೊಂಡಿರೋದು ಸ್ಕ್ರೋಲ್, ನಾವು ಕರ್ನಾಟಕ ಸಂಗೀತದೋರು ನೆಲದ ಮೇಲೆ ಕೂತು ಬಲಗಾಲಿನ ಪಾದದ ಮೇಲೆ ಊರೋದು ಅದನ್ನೇ. ಅದರ ಕೆಳಗೆ ಪೆಗ್‌ಬಾಕ್ಸ್, ಅದರಲ್ಲಿ ನಾಲ್ಕು ಪೆಗ್, ಅಂದ್ರೆ ಬಿರಡೆ. ತಂತಿ ಪೆಗ್‌ಬಾಕ್ಸಿಂದ ಹೊರಗೆ ಬರೋ ಜಾಗದಲ್ಲಿ ಸಣ್ಣ ದಿಣ್ಣೆ ಥರ ಇರೋದು ನಟ್, ಆಮೇಲೆ ನೆಕ್, ಅದರ ಮೇಲೆ ಕರಿ ಎಬೊನಿ ಮರದ ಫಿಂಗರ್‌ಬೋರ್ಡ್, ಬ್ರಿಜ್ ದಾಟಿದ ಮೇಲೆ ತಂತಿ ಕಟ್ಟೋದು ಟೇಲ್‌ಪೀಸ್, ಅದರಲ್ಲಿರೋ ಸಣ್ಣ ತಿರುಪು ಫೈನ್ ಟ್ಯೂನರ್. ಬಿರಡೆ ವಿಷಯ ಮಾತ್ರ ನಮ್ಮೂರಿನೋರು ಗಮನ ಕೊಡಬೇಕು, ಇಲ್ಲಿನ ಒಣ ಬೇಸಿಗೆಗೆ ಮರ ಕುಗ್ಗಿ ಬಿರಡೆ ಜರ್ ಅಂತ ಜಾರುತ್ತೆ, ಮಳೆಗಾಲದಲ್ಲಿ ಉಬ್ಬಿ ಅಲ್ಲಾಡೋದೇ ಇಲ್ಲ. ಎಣ್ಣೆ ಹಾಕಿದ್ರೆ ಕೆಲಸ ಕೆಟ್ಟಿತು ಅಂತಲೇ ಲೆಕ್ಕ. ಅದಕ್ಕೇ ಅಂತ ಪೆಗ್ ಪೇಸ್ಟ್ ಸಿಗುತ್ತೆ, ಆ ಹೆಸರು ಹೇಳಿ ಕೇಳ್ರಿ. ಕಮಾನಿಗೆ ಬೋ ಅಂತಾರೆ, ಕುದುರೆ ಬಾಲದ ಕೂದಲು ಕಟ್ಟಿರ್ತಾರೆ, ಕೈಲಿ ಹಿಡಿಯೋ ಜಾಗದ ಕರಿ ತುಂಡು ಫ್ರಾಗ್, ಬುಡದ ತಿರುಪು ಸ್ಕ್ರೂ, ಕೂದಲಿಗೆ ಉಜ್ಜೋ ರಾಳ ರೋಸಿನ್. ನುಡಿಸಿ ಆದಮೇಲೆ ಆ ತಿರುಪು ಸಡಿಲ ಮಾಡಿ ಇಡೋದು ಕಡ್ಡಾಯ.

ಮೈಸೂರು ಚೌಡಯ್ಯನವರು, 1895ರಿಂದ 1967ರವರೆಗೆ ಬಾಳಿದ ಆ ಮಹಾನುಭಾವರು, ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರು ಸೇರಿಸಿ ಏಳು ತಂತಿ ಮಾಡಿದ್ರಲ್ಲ, ದೊಡ್ಡ ಸಭೆಯ ಕೊನೆಯಲ್ಲಿ ಕೂತೋರಿಗೂ ದನಿ ಮುಟ್ಟಲಿ ಅಂತ. ಅದನ್ನ ಬರೀ ಮೂರು ತಂತಿ ಅಂತ ನೋಡಬೇಡಿ, ಮೂರು ಬಿರಡೆ ಜಾಸ್ತಿ, ನಟ್‌ನಲ್ಲಿ ಬ್ರಿಜ್‌ನಲ್ಲಿ ಮೂರು ಮೂರು ಗೆರೆ ಜಾಸ್ತಿ, ಆ ಮೇಲ್ಹಲಗೆ ತಡ್ಕೊಳ್ಳೋ ಎಳೆತ ಎಷ್ಟು ಜಾಸ್ತಿ ಯೋಚನೆ ಮಾಡ್ರಿ. ಭಾಗಗಳು ಗೊತ್ತಿದ್ದೋರಿಗೆ ಅವರು ಎಂಥಾ ಕೆಲಸಕ್ಕೆ ಕೈ ಹಾಕಿದ್ರು ಅನ್ನೋದು ಚೆನ್ನಾಗಿ ತಿಳಿಯುತ್ತೆ.

ಮಕ್ಕಳಿಗೆ ಇದನ್ನ ಡಿಕ್ಷನರಿ ಕೊಟ್ಟು ಕಲಿಸೋಕೆ ಹೋಗಬೇಡಿ. ಡಿಕ್ಷನರಿಯಲ್ಲಿ ಫ್ರಾಗ್ ಅಂದ್ರೆ ಕಪ್ಪೆ ಅಂತ ಇರುತ್ತೆ, ಮಗು ತಬ್ಬಿಬ್ಬಾಗುತ್ತೆ. ವಾದ್ಯ ತೊಡೆ ಮೇಲೆ ಇಟ್ಟುಕೊಂಡು, ಬೆರಳಿಟ್ಟು, ಇದು ಏನು, ಇದರ ಕೆಲಸ ಏನು, ಇದು ಕೆಟ್ಟರೆ ದನಿ ಹೆಂಗಾಗುತ್ತೆ, ಈ ಮೂರನ್ನೂ ಒಟ್ಟಿಗೆ ಹೇಳಿಸ್ರಿ.

ಈಗ ಹಾರ್ಮೋನಿಯಂ. ನಮ್ಮ ಕಡೆ ವಚನ ಹಾಡೋರ ಮನೇಲಿ, ಭಜನೆ ಮನೇಲಿ ಪೇಟಿ ಇಲ್ಲದೆ ಕೆಲಸ ನಡೆಯಲ್ಲ. ಚಿಂದೋಡಿ ವೀರಪ್ಪನವರು ನಾಟಕ ಕಂಪನಿ ಕಟ್ಟಿದ ಊರು ದಾವಣಗೆರೆ, ಕಾಲಲ್ಲಿ ತುಳಿದು ನುಡಿಸೋ ಹಾರ್ಮೋನಿಯಂ ದನಿ ಹಳಬರ ಕಿವಿಯಲ್ಲಿ ಇನ್ನೂ ಐತೆ. ಪೇಟಿ ಹಿಂದೆ ನಾವು ಎಳೆದು ಒತ್ತೋದು ಬೆಲೋಸ್, ಅಂದ್ರೆ ತಿದಿ. ಅದು ಒಳಗಿನ ಇನ್ನೊಂದು ತಿದಿಗೆ ಗಾಳಿ ತುಂಬುತ್ತೆ, ಮುಂದಿನ ಗುಬುಟು ಎಳೆದ್ರೆ ಗಾಳಿಗೆ ದಾರಿ ಆಗುತ್ತೆ, ಅವುಗಳಿಗೆ ಸ್ಟಾಪ್ ಅಂತಾರೆ. ಬೆರಳಿಡೋ ಮನೆ ಕೀ, ಕೀ ಒತ್ತಿದಾಗ ಅದರ ಕೆಳಗೆ ಚರ್ಮ ಅಂಟಿಸಿದ ಮುಚ್ಚಳ ಏಳುತ್ತೆ, ಅದು ಪ್ಯಾಲೆಟ್, ಆಗ ಗಾಳಿ ರೀಡ್ ದಾಟಿ ಹೋಗಿ ಸ್ವರ ಹುಟ್ಟುತ್ತೆ. ರೀಡ್ ಅಂದ್ರೆ ಹಿತ್ತಾಳೆಯ ತೆಳು ನಾಲಗೆ, ಒಂದು ತುದಿ ರಿವೆಟ್ ಹೊಡೆದು ಕೂರಿಸಿರ್ತಾರೆ, ಇನ್ನೊಂದು ತುದಿ ಅಲ್ಲಾಡುತ್ತೆ. ಅಲ್ಲಾಡೋ ತುದಿ ಹತ್ರ ಸ್ವಲ್ಪ ಕೆರೆದ್ರೆ ತೂಕ ಇಳಿದು ಸ್ವರ ಏರುತ್ತೆ, ಬುಡದ ಹತ್ರ ಕೆರೆದ್ರೆ ಬಿಗಿ ಇಳಿದು ಸ್ವರ ಇಳಿಯುತ್ತೆ, ಟ್ಯೂನ್ ಮಾಡೋರ ವಿದ್ಯೆ ಪೂರ್ತಿ ನಿಂತಿರೋದು ಇದರ ಮೇಲೆ. ಅಂಗಡಿಯವರು ಬಾಸ್, ಮೇಲ್, ಫಿಮೇಲ್ ಅಂತ ಕೇಳ್ತಾರಲ್ಲ, ಅದು ಒಂದೊಂದು ಮನೆಗೂ ಎಷ್ಟು ಸಾಲು ರೀಡು, ಯಾವ ಸ್ಥಾಯಿಯದು ಅನ್ನೋ ಲೆಕ್ಕ.

ಹೆಸರು ಗೊತ್ತಿದ್ರೆ ತೊಂದರೆ ಎಲ್ಲೈತೆ ಅನ್ನೋದನ್ನ ಕಿವಿನೇ ಹೇಳುತ್ತೆ. ಒಂದೇ ಮನೆ ದನಿ ಬರ್ತಿಲ್ಲ ಅಂದ್ರೆ ರೀಡಿಗೆ ಧೂಳು ಸಿಕ್ಕಿರಬೇಕು. ಒತ್ತದೇನೇ ಒಂದು ಸ್ವರ ಕೂಗ್ತಾ ಇದ್ರೆ ಪ್ಯಾಲೆಟ್ ಮುಚ್ಚಿಕೊಳ್ತಿಲ್ಲ, ಸ್ಪ್ರಿಂಗ್ ನೋಡ್ರಿ. ಎಲ್ಲಾ ಸ್ವರವೂ ಸೋತಂಗೆ ಬರ್ತಿದ್ರೆ ತಿದಿ ಸೋರ್ತೈತೆ. ಈ ಮೂರು ಮಾತು ಫೋನಲ್ಲಿ ಸರಿಯಾಗಿ ಹೇಳಿದ್ರೆ ರಿಪೇರಿಯವರು ಅರ್ಧ ಕೆಲಸ ಅಲ್ಲೇ ಮುಗಿಸ್ತಾರೆ.

ಇನ್ನೊಂದು ಮಾತು, ರೇಡಿಯೋದಲ್ಲೇ ಕೂತು ಹೇಳಬೇಕಾದ್ದು. 1940ರಲ್ಲಿ ಇದೇ ಆಕಾಶವಾಣಿ ಹಾರ್ಮೋನಿಯಂ ಅನ್ನ ಸ್ಟುಡಿಯೋದಿಂದ ಹೊರಗಿಟ್ಟಿತ್ತು, 1971ರ ತನಕ ಆ ನಿಷೇಧ ಸಡಿಲ ಆಗಲಿಲ್ಲ. ಕಾರಣ ಆ ರೀಡೇ. ಒಂದು ರೀಡಿಗೆ ಒಂದೇ ಸ್ವರ, ಎರಡು ಸ್ವರದ ನಡುವೆ ಜಾರೋಕೆ ಆಗಲ್ಲ, ಗಮಕ ಮೀಂಡ್ ಬರಲ್ಲ, ನಮ್ಮ ಶ್ರುತಿಗೆ ಒಗ್ಗಲ್ಲ ಅನ್ನೋ ವಾದ. ವಾದದಲ್ಲಿ ಹುರುಳಿತ್ತು, ಆದ್ರೆ ಅಷ್ಟು ವರ್ಷ ಹೊರಗಿಟ್ಟಿದ್ದು ಜಾಸ್ತಿ ಆಯ್ತು ಅಂತಲೇ ನನ್ನ ಅನಿಸಿಕೆ, ಹಳ್ಳಿ ಹಳ್ಳಿಗೂ ಸಂಗೀತ ಮುಟ್ಟಿಸಿದ ಪೆಟ್ಟಿಗೆ ಅದು.

ಗಿಟಾರ್ ಬಗ್ಗೆ ಜಾಸ್ತಿ ಹೇಳಲ್ಲ. ಬೆರಳು ನೋಯ್ತೈತೆ ಅಂತ ಬಿಟ್ಟುಬಿಡೋ ಹುಡುಗ್ರು ಆಕ್ಷನ್ ಅನ್ನೋ ಒಂದು ಪದ ಕಲೀರಿ, ತಂತಿಗೂ ಅದರ ಕೆಳಗೆ ಅಡ್ಡಡ್ಡ ಇರೋ ಲೋಹದ ಪಟ್ಟಿ ಫ್ರೆಟ್ಟಿಗೂ ನಡುವಿನ ಎತ್ತರ ಅದು. ತಲೆ ಕಡೆಯ ಮೊದಲ ಫ್ರೆಟ್‌ನಲ್ಲೇ ನೋಯ್ತಿದ್ರೆ ನಟ್ ಎತ್ತರ ಇರಬಹುದು, ಮೇಲಕ್ಕೆ ಹೋದಂಗೆ ಕಷ್ಟ ಜಾಸ್ತಿ ಆಗ್ತಿದ್ರೆ ಬ್ರಿಜ್ಜಿನ ಮೇಲೆ ತಂತಿ ಕೂರೋ ಪಟ್ಟಿ, ಅಂದ್ರೆ ಸ್ಯಾಡಲ್, ನೆಕ್ಕೇ ಬಾಗಿದ್ರೆ ಅದರ ಒಳಗಿರೋ ಲೋಹದ ಸಲಾಕೆ, ಅಂದ್ರೆ ಟ್ರಸ್ ರಾಡ್ ನೋಡಿಸಬೇಕು. ಬೆರಳಿನ ತಪ್ಪಲ್ಲ ಅದು. ಮದುವೆ ಬ್ಯಾಂಡಿನ ಕ್ಲಾರಿಯೊನೆಟ್‌ಗೂ ರೀಡೇ, ಆದ್ರೆ ಬೆತ್ತದಂಥ ಗಿಡದ್ದು, ಅದನ್ನ ಮೌತ್‌ಪೀಸಿಗೆ ಬಿಗಿಯೋ ಪಟ್ಟಿ ಲಿಗೇಚರ್. ಟ್ರಂಪೆಟ್ಟಿಗೆ ಮೂರು ವಾಲ್ವ್, ತುದಿಯ ಅಗಲ ಬಾಯಿ ಬೆಲ್.

ಆದ್ರೆ ಎಲ್ಲದಕ್ಕೂ ಇಂಗ್ಲಿಷ್ ಹೆಸರು ಅಂಟಿಸಬೇಕು ಅಂತ ನಾನು ಹೇಳ್ತಿಲ್ಲ. ನಮ್ಮ ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಉರುಮೆ ಅನ್ನೋ ಚರ್ಮವಾದ್ಯ ಐತಲ್ಲ, ಒಂದು ಕಡೆ ಕೋಲಲ್ಲಿ ಹೊಡೆದು ಇನ್ನೊಂದು ಕಡೆ ಬಾಗಿದ ಕಡ್ಡಿಯಿಂದ ಉಜ್ಜಿ ಗುಮ್ಮ್ ಅಂತ ನರಳಿಸ್ತಾರೆ, ಕಾಡುಗೊಲ್ಲರ ಗಣೆ ಅನ್ನೋ ಉದ್ದನೆ ಬಿದಿರಿನ ಕೊಳಲು ಐತಲ್ಲ, ಇವುಗಳ ಒಂದೊಂದು ಭಾಗಕ್ಕೂ ನುಡಿಸೋರ ಬಾಯಲ್ಲಿ ಹೆಸರಿರ್ತಾವೆ. ನಿಮ್ಮೂರಲ್ಲಿ ನುಡಿಸೋ ಹಿರಿಯರು ಇದ್ರೆ ಹತ್ರ ಕೂತು ಕೇಳಿ ಬರ್ಕೊಳ್ಳಿ, ಮೊಬೈಲಲ್ಲಿ ಒಂದೊಂದು ಭಾಗದ ಫೋಟೋ ತೆಗೆದು ಕೆಳಗೆ ಅವರು ಹೇಳಿದ ಹೆಸರನ್ನೇ ಹಾಕಿ. ಈ ಕೆಲಸ ಬೇಗ ಆಗಬೇಕು.

ಕೊನೆಗೆ, ಪಿಟೀಲು ತಂತಿ ಆನ್‌ಲೈನಲ್ಲಿ ತರಿಸೋ ತಂದೆ ತಾಯಂದಿರು ಆರ್ಡರ್ ಮಾಡೋ ಮುಂಚೆ ಸೈಜ್ ನೋಡ್ರಿ, ದೊಡ್ಡೋರದ್ದು 4/4, ಮಕ್ಕಳದ್ದು 3/4, 1/2 ಅಂತ ಇರುತ್ತೆ. ಸಣ್ಣ ತಂತಿ, ಅಂದ್ರೆ ಇ ಸ್ಟ್ರಿಂಗ್ ಆದ್ರೆ ತುದಿಯಲ್ಲಿ ಸಣ್ಣ ಗುಂಡಿರೋ ಬಾಲ್ ಎಂಡ್ ಬೇಕಾ ಕುಣಿಕೆ ಇರೋ ಲೂಪ್ ಎಂಡ್ ಬೇಕಾ ಅನ್ನೋದನ್ನ ನಿಮ್ಮ ಫೈನ್ ಟ್ಯೂನರ್ ನೋಡಿ ತೀರ್ಮಾನ ಮಾಡಿ, ಕೊಕ್ಕೆ ಒಂದೇ ಇದ್ರೆ ಲೂಪ್, ಎರಡು ಹಲ್ಲಿನ ನಡುವೆ ಸಂದಿ ಇದ್ರೆ ಬಾಲ್. ಹಳೇ ತಂತಿ ಬಿಸಾಕದೆ ಪಕ್ಕದಲ್ಲಿಟ್ಟು ಹೋಲಿಸಿ ಆರ್ಡರ್ ಮಾಡಿ. ನಮಸ್ಕಾರ.