ತುಟಿ ಮುಂದೆ, ಮಾತು ಹಿಂದೆ

ಶ್ರೋತೃಗಳಿಗೆ ನಮಸ್ಕಾರ.

ನನ್ನ ತಾಯಿಯವರಿಗೆ ಈಗ ಎಪ್ಪತ್ತೆಂಟು ವರ್ಷ. ಕಿವಿ ಸ್ವಲ್ಪ ಮಂದವಾಗಿದೆ. ರಾತ್ರಿ ಅವರು ಟೀವಿಯ ಧ್ವನಿ ಏರಿಸಿದರೆ ಪಕ್ಕದ ಕೋಣೆಯಲ್ಲಿ ಓದುವವರಿಗೆ ತೊಂದರೆ. ಇಳಿಸಿದರೆ ಅವರಿಗೆ ಏನೂ ಕೇಳಿಸದು. ಇದಕ್ಕೆ ಪರಿಹಾರವೆಂದು ತಂತಿಯಿಲ್ಲದ ಹೆಡ್‌ಫೋನ್ ಒಂದನ್ನೂ, ಟೀವಿಯ ಹಿಂದೆ ಸಿಕ್ಕಿಸುವ ಸಣ್ಣ ಬ್ಲೂಟೂತ್ ಪೆಟ್ಟಿಗೆಯೊಂದನ್ನೂ ತಂದೆ. ಮೊದಲ ದಿನವೇ ಸಂಗೀತ ಕಚೇರಿಯ ಪ್ರಸಾರವಿತ್ತು. ಐದು ನಿಮಿಷ ನೋಡಿದ ಅಮ್ಮ ಹೆಡ್‌ಫೋನ್ ಕಳಚಿ, "ಮೃದಂಗದವನ ಕೈ ಮೇಲೆ ಎದ್ದಮೇಲೆ ಪೆಟ್ಟು ಕೇಳಿಸುತ್ತದೆ, ತಾಳ ತಪ್ಪಿದ್ದು ಅವನೋ ನಿನ್ನ ಯಂತ್ರವೋ?" ಎಂದು ಕೇಳಿದರು. ಅಷ್ಟರಲ್ಲಿ ಒಲೆಯ ಮೇಲಿನ ಹಾಲು ನೆನಪಾಗಿ, ಹೆಡ್‌ಫೋನನ್ನು ಮತ್ತೆ ಕಿವಿಗೇರಿಸಿಕೊಂಡು ಅಡುಗೆಮನೆಗೆ ನಡೆದರು. ಎರಡನೆಯ ಗೋಡೆ ದಾಟುತ್ತಿದ್ದಂತೆ ಹಾಡು ತುಂಡುತುಂಡಾಗಿ, ಕೊನೆಗೆ ನಿಂತೇಹೋಯಿತು.

ಸದ್ದು ತಡವಾಗಿ ಬರುವುದು ಮತ್ತು ದೂರ ಹೋದರೆ ಕಡಿದುಹೋಗುವುದು, ಈ ಎರಡು ತೊಂದರೆಗಳಿಗೂ ಪರಸ್ಪರ ಸಂಬಂಧವಿಲ್ಲವೆಂದು ನಾನು ಬಹಳ ದಿನ ತಿಳಿದಿದ್ದೆ. ಆದರೆ ಒಂದನ್ನು ಕಡಿಮೆ ಮಾಡಲು ಹೊರಟರೆ ಮತ್ತೊಂದು ಹೆಚ್ಚುತ್ತದೆ, ಮತ್ತು ಹೆಡ್‌ಫೋನ್ ಆರಿಸುವವರು ಮೊದಲು ಅರಿಯಬೇಕಾದದ್ದು ಈ ಜಗ್ಗಾಟವನ್ನೇ.

ತಡವೆಂದರೆ ಎಷ್ಟು ತಡ? ಗಾಳಿಯಲ್ಲಿ ಶಬ್ದವು ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. ಮೂರು ಮೀಟರ್ ದೂರದಲ್ಲಿ ಕುಳಿತ ಮೃದಂಗದವರ ಪೆಟ್ಟು ಹಾಡುವವರ ಕಿವಿಗೆ ತಲುಪಲು ಸುಮಾರು 9 ಮಿಲಿಸೆಕೆಂಡ್, ಅಂದರೆ ಸೆಕೆಂಡಿನ ಸಾವಿರದಲ್ಲಿ ಒಂಬತ್ತು ಪಾಲು, ಬೇಕು. ಸಭಾಂಗಣದ ಹಿಂದಿನ ಸಾಲಿನಲ್ಲಿ, 34 ಮೀಟರ್ ಆಚೆ ಕುಳಿತವರಿಗೆ 100 ಮಿಲಿಸೆಕೆಂಡ್. ಹಾಗೆಂದು ಯಾರೂ ದೂರುವುದಿಲ್ಲ. ಸದ್ದು ನೋಟಕ್ಕಿಂತ ತುಸು ಹಿಂದೆ ಬರುವುದು ನಮ್ಮ ಮಿದುಳಿಗೆ ಹುಟ್ಟಿನಿಂದಲೇ ರೂಢಿ. ಮುಂದೆ ಬಂದರೆ ಮಾತ್ರ ಅದು ಬೇಗ ಗುರುತಿಸಿಬಿಡುತ್ತದೆ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು 1998ರಲ್ಲಿ ಕೊಟ್ಟ ಶಿಫಾರಸಿನ ಪ್ರಕಾರ, ಸದ್ದು ಚಿತ್ರಕ್ಕಿಂತ ಸುಮಾರು 45 ಮಿಲಿಸೆಕೆಂಡ್ ಮುಂದಾದರೆ ನೋಡುವವರಿಗೆ ತಿಳಿಯುತ್ತದೆ, ಹಿಂದೆ ಬಿದ್ದರೆ ಸುಮಾರು 125 ಮಿಲಿಸೆಕೆಂಡಿನವರೆಗೂ ತಿಳಿಯುವುದಿಲ್ಲ. ಸಾಮಾನ್ಯ ಬ್ಲೂಟೂತ್ ಹೆಡ್‌ಫೋನಿನ ತಡವು 150ರಿಂದ 250 ಮಿಲಿಸೆಕೆಂಡ್ ಇರುತ್ತದೆ. ಎಂದರೆ, ನಮ್ಮ ಮನೆಯ ಸೋಫಾದಲ್ಲಿ ಕುಳಿತಿದ್ದ ಅಮ್ಮನನ್ನು ಆ ಯಂತ್ರವು ಕಚೇರಿಯಿಂದ ಐವತ್ತರಿಂದ ಎಂಬತ್ತೈದು ಮೀಟರ್ ದೂರಕ್ಕೆ ಒಯ್ದು ಕೂರಿಸಿತ್ತು.

ಈ ತಡ ಎಲ್ಲ ಕಡೆಯೂ ಕಾಡುವುದಿಲ್ಲ. ಈಗ ತಾವು ಈ ಭಾಷಣವನ್ನೇ ಅಂಥ ಹೆಡ್‌ಫೋನಿನಲ್ಲಿ ಕೇಳುತ್ತಿದ್ದರೂ, ನನ್ನ ತುಟಿ ಕಾಣದಿರುವುದರಿಂದ, ಕಾಲು ಸೆಕೆಂಡಿನ ವ್ಯತ್ಯಾಸ ತಮ್ಮ ಗಮನಕ್ಕೇ ಬಾರದು. ಬಾನುಲಿಗೆ ಇರುವ ಅನುಕೂಲಗಳಲ್ಲಿ ಇದೂ ಒಂದು. ಫೋನಿನಲ್ಲಿ ವಿಡಿಯೋ ನೋಡುವಾಗಲೂ ಚಿಂತೆಯಿಲ್ಲ, ಏಕೆಂದರೆ ಹೆಡ್‌ಫೋನಿನ ತಡವನ್ನು ಲೆಕ್ಕಹಾಕಿ ಫೋನು ಚಿತ್ರವನ್ನೇ ಅಷ್ಟು ಹೊತ್ತು ತಡೆದಿಡುತ್ತದೆ. ಅಂಗಡಿಯವರು ಫೋನಿನಲ್ಲಿ ಒಂದು ಚಿತ್ರಗೀತೆ ಹಾಕಿ, "ನೋಡಿ ಸಾರ್, ತುಟಿಗೆ ಸರಿಯಾಗಿ ಹೊಂದುತ್ತದೆ" ಎಂದು ತೋರಿಸುವುದರಿಂದ ಏನೂ ಸಿದ್ಧವಾಗದು ಎಂದು ನಾನು ಹೇಳುವುದು ಈ ಕಾರಣಕ್ಕೆ. ತೊಂದರೆ ಇರುವುದು ಟೀವಿಗೆ ಪ್ರತ್ಯೇಕ ಪೆಟ್ಟಿಗೆ ಸಿಕ್ಕಿಸಿದಾಗ, ಆಟ ಆಡುವಾಗ ಮತ್ತು ಕೀಬೋರ್ಡಿನಂಥ ವಾದ್ಯ ನುಡಿಸುವಾಗ. ಬೆರಳು ಯಾವಾಗ ಒತ್ತುತ್ತದೆಂಬುದು ಯಂತ್ರಕ್ಕೆ ಮೊದಲೇ ತಿಳಿಯುವುದಿಲ್ಲವಲ್ಲ! ಟೀವಿಯ ಸೆಟ್ಟಿಂಗಿನಲ್ಲಿರುವ ಆಡಿಯೋ ಡಿಲೇ ಎಂಬುದನ್ನು ತಿರುವಿ ಇದನ್ನು ಸರಿಪಡಿಸಲು ಹಲವರು ಯತ್ನಿಸುತ್ತಾರೆ. ಅದು ಸಾಮಾನ್ಯವಾಗಿ ಸದ್ದನ್ನು ಇನ್ನಷ್ಟು ಹಿಂದಕ್ಕೆ ತಳ್ಳುವ ಸಾಧನವೇ ಹೊರತು ಮುಂದಕ್ಕೆ ಎಳೆಯುವುದಲ್ಲ.

ತಡ ಏಕೆ ಆಗುತ್ತದೆ ಎಂಬುದನ್ನು ನಮ್ಮ ಮನೆಗಳ ಸಂಪಿನಿಂದ ತಿಳಿಯಬಹುದು. ನಲ್ಲಿಯಲ್ಲಿ ದಿನವಿಡೀ ನೀರು ಬರುವ ಊರಿನಲ್ಲಿ ಸಂಪು ಬೇಕಿಲ್ಲ. ಮೂರು ದಿನಕ್ಕೊಮ್ಮೆ ಬರುವ ಊರಿನಲ್ಲಿ ದೊಡ್ಡ ಸಂಪೇ ಬೇಕು, ಮತ್ತು ಸಂಪು ದೊಡ್ಡದಾದಷ್ಟೂ ನಾವು ಬಳಸುವ ನೀರು ಹಳೆಯದಾಗಿರುತ್ತದೆ. ಧ್ವನಿಯನ್ನು ಕುಗ್ಗಿಸಿ, ಪೊಟ್ಟಣಗಳಾಗಿ ಕಟ್ಟಿ ಕಳುಹಿಸಿದಾಗ ಹೆಡ್‌ಫೋನು ಅವುಗಳನ್ನು ಒಡನೆಯೇ ನುಡಿಸದೆ ಒಂದಿಷ್ಟನ್ನು ಸಂಗ್ರಹಿಸಿಕೊಳ್ಳುತ್ತದೆ. ಇದನ್ನೇ ಬಫರ್ ಎನ್ನುತ್ತಾರೆ. ಕುಗ್ಗಿಸುವ, ಬಿಚ್ಚುವ ಕೆಲಸಕ್ಕೂ ಒಂದಿಷ್ಟು ಕಾಲ ಹಿಡಿಯುತ್ತದೆಯಾದರೂ ತಡದ ದೊಡ್ಡ ಪಾಲು ಈ ಸಂಗ್ರಹದ್ದು.

ಸಂಗ್ರಹ ಬೇಕಾಗುವುದು ಗಾಳಿಯಲ್ಲಿ ಪೊಟ್ಟಣಗಳು ಕಳೆದುಹೋಗುವುದರಿಂದ. ಬ್ಲೂಟೂತ್ ಕೆಲಸ ಮಾಡುವ 2400ರಿಂದ 2483.5 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯಲ್ಲೇ ಮನೆಯ ವೈಫೈ ಇದೆ, ಅಕ್ಕಪಕ್ಕದ ಮನೆಗಳ ವೈಫೈ ಇದೆ, ಸುಮಾರು 2450ರ ಆಸುಪಾಸಿನಲ್ಲಿ ಮೈಕ್ರೋವೇವ್ ಒಲೆಯೂ ಇದೆ. ಈ ಗದ್ದಲದಲ್ಲಿ ನುಸುಳಿ ಹೋಗಲು ಬ್ಲೂಟೂತ್ ಆ ಪಟ್ಟಿಯನ್ನು 79 ಕಾಲುವೆಗಳಾಗಿ ಸೀಳಿ, ಸೆಕೆಂಡಿಗೆ 1600 ಬಾರಿಯವರೆಗೆ ಒಂದರಿಂದ ಇನ್ನೊಂದಕ್ಕೆ ಜಿಗಿಯುತ್ತದೆ. ಹಾಗಿದ್ದೂ ತಲುಪದ ಪೊಟ್ಟಣವನ್ನು ಮತ್ತೆ ಕಳುಹಿಸುತ್ತದೆ. ದೂರ ಹೆಚ್ಚಿದಂತೆ ಮತ್ತೆ ಕಳುಹಿಸಬೇಕಾದವು ಹೆಚ್ಚುತ್ತವೆ, ಅವು ಬರುವವರೆಗೆ ಕಿವಿಗೆ ಕೊರತೆಯಾಗದಂತೆ ನೋಡಿಕೊಳ್ಳುವುದು ಆ ಸಂಗ್ರಹವೇ. ಹೆಡ್‌ಫೋನುಗಳಲ್ಲಿ ಗೇಮ್ ಮೋಡ್ ಎಂಬ ಗುಂಡಿ ಮಾಡುವ ಮುಖ್ಯ ಕೆಲಸವೆಂದರೆ ಈ ಸಂಪನ್ನು ಚಿಕ್ಕದು ಮಾಡುವುದು. ತಡ ಕಡಿಮೆಯಾಗುತ್ತದೆ, ಆದರೆ ಹಿತ್ತಲಿಗೆ ಹೋಗುವ ಮೊದಲೇ ಸದ್ದು ಕಡಿಯತೊಡಗುತ್ತದೆ. ಡಬ್ಬಿಯ ಮೇಲೆ ಮುದ್ರಿಸಿರುವ ಕಡಿಮೆ ತಡ ಮತ್ತು ಹೆಚ್ಚು ದೂರ ಎರಡೂ ಬೇರೆ ಬೇರೆಯಾಗಿ ನಿಜವಿರಬಹುದು. ಎರಡೂ ಒಂದೇ ಹೊತ್ತಿನಲ್ಲಿ ಸಿಗುತ್ತವೆಂದು ಡಬ್ಬಿಯೂ ಹೇಳುವುದಿಲ್ಲ.

ದೂರದ ಮಾತಿಗೆ ಬಂದರೆ, ಬ್ಲೂಟೂತ್ ಸಾಧನಗಳಲ್ಲಿ ಎರಡನೆಯ ವರ್ಗದವು 2.5 ಮಿಲಿವಾಟ್ ಶಕ್ತಿಯಲ್ಲಿ ಸುಮಾರು 10 ಮೀಟರ್, ಒಂದನೆಯ ವರ್ಗದವು 100 ಮಿಲಿವಾಟ್‌ವರೆಗಿನ ಶಕ್ತಿಯಲ್ಲಿ ಸುಮಾರು 100 ಮೀಟರ್ ತಲುಪುತ್ತವೆಂಬುದು ಲೆಕ್ಕ. ಅದು ಅಡ್ಡಿಯಿಲ್ಲದ ಬಯಲಿನ ಲೆಕ್ಕ. ಇಲ್ಲಿ ಒಂದು ಸೂಕ್ಷ್ಮವಿದೆ: ಪೊಟ್ಟಣ ತಲುಪಿತೆಂದು ಹೆಡ್‌ಫೋನು ಮರಳಿ ಓಗೊಡಬೇಕು. ಟೀವಿಯ ಪೆಟ್ಟಿಗೆ ಎಷ್ಟೇ ಜೋರಾಗಿ ಕೂಗಿದರೂ ಹೆಡ್‌ಫೋನಿನ ಓಗೊಡುವ ದನಿ ಕ್ಷೀಣವಾಗಿದ್ದರೆ ಮಾತುಕತೆ ಮುರಿಯುತ್ತದೆ. ಆದ್ದರಿಂದ ದೂರ ಬೇಕೆನ್ನುವವರು ಕಿವಿಯೊಳಗೆ ತೂರಿಸುವ ಪುಟ್ಟ ಜೋಡಿಗಳಿಗಿಂತ, ಆಂಟೆನಾಕ್ಕೂ ಬ್ಯಾಟರಿಗೂ ಜಾಗವಿರುವ, ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನನ್ನೇ ನೋಡುವುದು ಒಳ್ಳೆಯದು.

ಗೋಡೆಯಷ್ಟೇ ಅಡ್ಡಿ ನಮ್ಮ ಮೈ ಕೂಡ. ದೇಹದಲ್ಲಿರುವ ನೀರು ಈ ಅಲೆಗಳನ್ನು ಹೀರಿಕೊಳ್ಳುತ್ತದೆ. ಊರಿಗೆ ಹೋದಾಗ, ಪ್ಯಾಂಟಿನ ಹಿಂದಿನ ಜೇಬಿನಲ್ಲಿ ಫೋನಿಟ್ಟುಕೊಂಡು ಗದ್ದೆಯ ಬದುವಿನ ಮೇಲೆ ನಡೆಯುತ್ತಿದ್ದರೆ ಕಿವಿಯ ಹಾಡು ಆಗಾಗ ಕಡಿಯುತ್ತಿತ್ತು. ಮನೆಯೊಳಗೆ ಬಂದರೆ ಅದೇ ಜೇಬು, ಅದೇ ಹೆಡ್‌ಫೋನು, ಆದರೆ ಹಾಡು ಅಖಂಡ. ಬಯಲಿನಲ್ಲಿ ಅಲ್ಲವೇ ಚೆನ್ನಾಗಿ ಬರಬೇಕಾದದ್ದು ಎಂದು ನನಗೆ ಆಶ್ಚರ್ಯವಾಗಿತ್ತು. ಮನೆಯೊಳಗೆ ಗೋಡೆ, ಸೂರುಗಳಿಗೆ ತಾಗಿ ಪುಟಿದ ಅಲೆಗಳು ಮೈಯನ್ನು ಬಳಸಿ ಕಿವಿಗೆ ಸೇರುತ್ತವೆ. ಬಯಲಿನಲ್ಲಿ ಪುಟಿಸುವುದಕ್ಕೆ ಏನೂ ಇಲ್ಲ. ಫೋನನ್ನು ಅಂಗಿಯ ಜೇಬಿಗೆ ಹಾಕಿಕೊಂಡೆ, ತೊಂದರೆ ನಿಂತಿತು.

ಡಬ್ಬಿಯ ಮೇಲಿನ ಬ್ಲೂಟೂತ್ 5.0, 5.3 ಎಂಬ ಅಂಕಿಗಳನ್ನು ನೋಡಿ ಮರುಳಾಗುವುದು ಬೇಡ. ಐದನೆಯ ಆವೃತ್ತಿಯೊಂದಿಗೆ ಬಂದ ನಾಲ್ಕು ಪಟ್ಟು ದೂರದ ಮಾತು, ಕಡಿಮೆ ವಿದ್ಯುತ್ ಬಳಸಿ ನಿಧಾನವಾಗಿ ದತ್ತಾಂಶ ಕಳುಹಿಸುವ ವಿಧಾನಕ್ಕೆ ಸಂಬಂಧಿಸಿದ್ದು, ಹಳೆಯ ಬಗೆಯಲ್ಲೇ ಸಾಗುವ ಸಂಗೀತಕ್ಕಲ್ಲ. ಅಂಕಿಗಿಂತ ಮುಖ್ಯವಾದದ್ದು ಕೋಡೆಕ್, ಅಂದರೆ ಧ್ವನಿಯನ್ನು ಕುಗ್ಗಿಸಿ ಬಿಚ್ಚುವ ಕ್ರಮ. ಎಲ್ಲದರಲ್ಲೂ ಇರುವುದು ಎಸ್‌ಬಿಸಿ. ಆಪ್ಟ್‌ಎಕ್ಸ್ ಲೋ ಲೇಟೆನ್ಸಿ ಎಂಬುದು ಸುಮಾರು 40 ಮಿಲಿಸೆಕೆಂಡಿಗೆ ಇಳಿಯುತ್ತದೆ. ಆದರೆ ಕಳುಹಿಸುವ ಪೆಟ್ಟಿಗೆ ಮತ್ತು ಕೇಳುವ ಹೆಡ್‌ಫೋನು ಎರಡರಲ್ಲೂ ಅದೇ ಕೋಡೆಕ್ ಇರಬೇಕು. ಒಂದರಲ್ಲಿ ಇಲ್ಲದಿದ್ದರೆ ಎರಡೂ ಸದ್ದಿಲ್ಲದೆ ಎಸ್‌ಬಿಸಿಗೆ ಇಳಿಯುತ್ತವೆ, ಕೊಂಡವರಿಗೆ ತಿಳಿಯುವುದೂ ಇಲ್ಲ. ಐಫೋನಿನಲ್ಲಿ ಆಪ್ಟ್‌ಎಕ್ಸ್ ಇಲ್ಲವೆಂಬುದನ್ನೂ ನೆನಪಿಡಬೇಕು. 2020ರಲ್ಲಿ ಪ್ರಕಟವಾದ ಎಲ್‌ಇ ಆಡಿಯೋ ಎಂಬ ಹೊಸ ಕ್ರಮ ಮತ್ತು ಅದರ ಎಲ್‌ಸಿ3 ಕೋಡೆಕ್ ಮೊದಲಿನಿಂದಲೇ ಕಡಿಮೆ ತಡವನ್ನು ಗಮನದಲ್ಲಿಟ್ಟು ರೂಪಿಸಿದವು. ಇದಕ್ಕೂ ಎರಡೂ ತುದಿಯ ಬೆಂಬಲ ಬೇಕು.

ಬ್ಲೂಟೂತನ್ನೇ ನಂಬಬೇಕೆಂದಿಲ್ಲ. ಆಟಗಾರರಿಗಾಗಿ ಮಾಡಿದ, ಕಂಪ್ಯೂಟರಿಗೆ ಸಿಕ್ಕಿಸುವ ಪುಟ್ಟ ಯುಎಸ್‌ಬಿ ಡಾಂಗಲ್ ಜೊತೆಗೆ ಬರುವ ಹೆಡ್‌ಫೋನುಗಳು ಅದೇ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ತಮ್ಮದೇ ಕ್ರಮ ಬಳಸಿ ತಡವನ್ನು 20ರಿಂದ 40 ಮಿಲಿಸೆಕೆಂಡಿನೊಳಗೆ ಇಡುತ್ತವೆ. ಆ ಡಾಂಗಲನ್ನು ಕಂಪ್ಯೂಟರಿನ ನೀಲಿ ಬಾಯಿಯ ಯುಎಸ್‌ಬಿ 3ಕ್ಕೆ ಸಿಕ್ಕಿಸಿ, ಪಕ್ಕದಲ್ಲೇ ಹಾರ್ಡ್ ಡಿಸ್ಕ್ ಜೋಡಿಸಿದರೆ ಅದರ ವಿದ್ಯುತ್ ಗದ್ದಲವೇ ಸಂಕೇತವನ್ನು ಕೆಡಿಸುತ್ತದೆ. ಒಂದು ಮೊಳದ ವಿಸ್ತರಣಾ ತಂತಿ ಹಾಕಿ ದೂರವಿಟ್ಟರೆ ಸಾಕು. ಇನ್ನು ಹಳೆಯ ಎಫ್‌ಎಂ ಮಾದರಿಯ ಹೆಡ್‌ಫೋನುಗಳಲ್ಲಿ ಪೊಟ್ಟಣವೂ ಇಲ್ಲ, ಸಂಪೂ ಇಲ್ಲ, ಆದ್ದರಿಂದ ತಡವೂ ಇಲ್ಲವೆನ್ನುವಷ್ಟು ಕಡಿಮೆ. ಗೋಡೆಯನ್ನೂ ಚೆನ್ನಾಗಿ ದಾಟುತ್ತವೆ, ಅಲ್ಪಸ್ವಲ್ಪ ಸರ್ ಎಂಬ ಹಿನ್ನೆಲೆ ಸದ್ದನ್ನು ಸಹಿಸಬೇಕಷ್ಟೆ. ನನ್ನ ಮಟ್ಟಿಗೆ ಹಿರಿಯರಿಗೆ ಇವೇ ಲೇಸು ಎನಿಸಿದ್ದುಂಟು. ಆದರೆ ಅಮೆರಿಕದಲ್ಲಿರುವ ಮಕ್ಕಳಿಂದ ತರಿಸಿಕೊಳ್ಳುವ ಮುನ್ನ ಎಚ್ಚರಿಕೆ ಬೇಕು. ಅಲ್ಲಿ ಇವಕ್ಕೆ 902ರಿಂದ 928 ಮೆಗಾಹರ್ಟ್ಸ್ ಮುಕ್ತ. ನಮ್ಮಲ್ಲಿ 890ರಿಂದ 915ರವರೆಗಿನ ಭಾಗ ಮೊಬೈಲ್ ಸೇವೆಯದು. ಅಲ್ಲಿ ಸಾಧುವಾದ ಯಂತ್ರ ಇಲ್ಲಿ ಇನ್ನೊಬ್ಬರ ಹೊಲಕ್ಕೆ ನುಗ್ಗಿದಂತಾಗುತ್ತದೆ.

ಅಂಗಡಿಯಲ್ಲಿ ಪರೀಕ್ಷಿಸುವವರು ವಿಡಿಯೋ ಬಿಟ್ಟು, ಫೋನಿನಲ್ಲಿ ಪಿಯಾನೋ ನುಡಿಸುವ ಆ್ಯಪ್ ಒಂದನ್ನು ತೆರೆಯಲಿ. ಬೆರಳು ತಾಗಿದ ಕ್ಷಣಕ್ಕೂ ಸ್ವರ ಕೇಳಿದ ಕ್ಷಣಕ್ಕೂ ನಡುವಿನ ಅಂತರವನ್ನು ಅಲ್ಲಿ ಮುಚ್ಚಿಡಲಾಗದು. ಅನಂತರ ಫೋನನ್ನು ಮೇಜಿನ ಮೇಲೆ ಬಿಟ್ಟು, ಬೆನ್ನು ತಿರುಗಿಸಿ ಅಂಗಡಿಯ ಬಾಗಿಲಿನವರೆಗೆ ನಡೆದು ನೋಡಲಿ. ಮುಖ ಮಾಡಿ ನಡೆಯುವುದಕ್ಕೂ ಬೆನ್ನು ಮಾಡಿ ನಡೆಯುವುದಕ್ಕೂ ವ್ಯತ್ಯಾಸ ಕಂಡರೆ, ಮನೆಯ ಎರಡನೆಯ ಗೋಡೆಯ ಆಚೆ ಅದರ ಪಾಡು ಏನೆಂದು ಊಹಿಸಬಹುದು.

ನಮ್ಮ ಮನೆಯಲ್ಲಿ ಕೊನೆಗೆ ಆದದ್ದು ಇಷ್ಟು. ಎರಡೂ ತುದಿಯಲ್ಲಿ 40 ಮಿಲಿಸೆಕೆಂಡಿನ ಕೋಡೆಕ್ ಇರುವ ಜೋಡಿಯನ್ನು ತಂದು, ಟೀವಿಯ ಆಪ್ಟಿಕಲ್ ಕಿಂಡಿಗೆ ಸೇರಿಸಿ, ಧ್ವನಿಯ ಸೆಟ್ಟಿಂಗನ್ನು ಡಾಲ್ಬಿ ಎಂಬ ಕುಗ್ಗಿಸಿದ ಕ್ರಮದಿಂದ ಪಿಸಿಎಂ ಎಂಬ ಕುಗ್ಗಿಸದ ಕ್ರಮಕ್ಕೆ ಬದಲಿಸಿದೆ. ಹಾಗೆ ಬದಲಿಸದಿದ್ದಾಗ ಒಂದು ಸದ್ದೂ ಬಂದಿರಲಿಲ್ಲ. ಟೀವಿಯ ಬೆನ್ನಿನ ಲೋಹದ ತಗಡಿನ ಹಿಂದೆ ಅಡಗಿದ್ದ ಪೆಟ್ಟಿಗೆಯನ್ನು ಮೇಲಿನ ಗೂಡಿನಲ್ಲಿ ಕಾಣುವಂತೆ ಇಟ್ಟೆ. ಈಗ ಮೃದಂಗದ ಕೈಯೂ ಪೆಟ್ಟೂ ಒಟ್ಟಿಗೇ ಬೀಳುತ್ತವೆ. ಒಂದು ಗೋಡೆಯಾಚೆಯ ನಡುಮನೆಯವರೆಗೆ ಹಾಡು ಕಡಿಯುವುದಿಲ್ಲ, ಅಡುಗೆಮನೆಗೆ ಇನ್ನೂ ತಲುಪುವುದಿಲ್ಲ. ಅಲ್ಲಿಗೂ ತಲುಪುವಂಥದ್ದನ್ನು ಹುಡುಕುತ್ತೇನೆಂದಾಗ ಅಮ್ಮ ಬೇಡವೆಂದರು. ಕಿವಿ ಮುಚ್ಚಿಕೊಂಡು ಒಲೆಯ ಮುಂದೆ ನಿಂತರೆ ಹಾಲು ಉಕ್ಕುವ ಸದ್ದು ಕೇಳುವುದಿಲ್ಲವಂತೆ.

ನಮಸ್ಕಾರ.