ಯಾವಾಗ ಮಾಡಿದೆವು, ಸ್ವಾಮೀ?

ಕೇಳುಗ ಮಿತ್ರರೇ, ನಮಸ್ಕಾರ.

ಬೈಬಲ್ ಓದುವಾಗ ನನ್ನನ್ನು ಪದೇ ಪದೇ ತಡೆದು ನಿಲ್ಲಿಸುವ ಒಂದು ಪ್ರಶ್ನೆ ಇದೆ. "ಯಾವಾಗ?" ಎನ್ನುವ ಪ್ರಶ್ನೆ. ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯದಲ್ಲಿ ಅದು ಬರುತ್ತದೆ. ಕಡೆಯ ತೀರ್ಪಿನ ದೃಶ್ಯ. ಕುರುಬ ಕುರಿಗಳನ್ನೂ ಆಡುಗಳನ್ನೂ ಬೇರೆ ಮಾಡುವ ಹಾಗೆ ಅರಸ ಜನರನ್ನು ಬಲಗಡೆ, ಎಡಗಡೆ ನಿಲ್ಲಿಸುತ್ತಾನೆ. ಬಲಗಡೆಯವರಿಗೆ ಹೇಳುತ್ತಾನೆ: ನಾನು ಹಸಿದಿದ್ದೆ, ಊಟ ಕೊಟ್ಟಿರಿ. ಬಾಯಾರಿದ್ದೆ, ನೀರು ಕೊಟ್ಟಿರಿ. ಗುರುತು ಪರಿಚಯ ಇಲ್ಲದವನಾಗಿ ಬಂದೆ, ಒಳಗೆ ಕರೆದಿರಿ. ಬಟ್ಟೆ ಇರಲಿಲ್ಲ, ಉಡಲು ಕೊಟ್ಟಿರಿ. ಕಾಯಿಲೆ ಬಿದ್ದಿದ್ದೆ, ಆರೈಕೆ ಮಾಡಿದಿರಿ. ಸೆರೆಮನೆಯಲ್ಲಿದ್ದೆ, ನೋಡಲು ಬಂದಿರಿ.

ಇದನ್ನು ಕೇಳಿ ಅವರು ಹಿಗ್ಗಬೇಕಿತ್ತು, ಅಲ್ವಾ? ಹಿಗ್ಗುವುದಿಲ್ಲ. ತಬ್ಬಿಬ್ಬಾಗುತ್ತಾರೆ. "ಸ್ವಾಮೀ, ನೀನು ಹಸಿದದ್ದನ್ನು ನಾವು ಯಾವಾಗ ನೋಡಿದೆವು? ಯಾವಾಗ ಊಟ ಕೊಟ್ಟೆವು?" ಎಂದು ಕೇಳುತ್ತಾರೆ. ತಮಾಷೆ ಏನೆಂದರೆ ಎಡಗಡೆಯವರದ್ದೂ ಅದೇ ಪ್ರಶ್ನೆ. "ನಾವು ಯಾವಾಗ ನಿನ್ನನ್ನು ನೋಡಿಯೂ ಸುಮ್ಮನಿದ್ದೆವು?" ಮಾಡಿದವರಿಗೆ ಮಾಡಿದ್ದು ಗೊತ್ತಿಲ್ಲ, ಬಿಟ್ಟವರಿಗೆ ಬಿಟ್ಟದ್ದು ಗೊತ್ತಿಲ್ಲ. ಲೆಕ್ಕ ಇಟ್ಟವನು ಅರಸನೊಬ್ಬನೇ.

ಇವತ್ತಿನ ನನ್ನ ವಿಷಯ ಕ್ರೈಸ್ತ ನಂಬಿಕೆ ಮತ್ತು ಸತ್ಕ್ರಿಯೆ. ನಾನು ಫಾದರ್ ಅಲ್ಲ, ಪಾಸ್ಟರೂ ಅಲ್ಲ. ಭಾನುವಾರ ಹಿಂದಿನ ಬೆಂಚಿನಲ್ಲಿ ಕೂತು ಪ್ರಸಂಗ ಕೇಳುವವನು. ಆದ್ದರಿಂದ ಹಿಂದಿನ ಬೆಂಚಿಗೆ ಕಾಣಿಸುವಷ್ಟನ್ನೇ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ನಮ್ಮ ತಾಯಿ ಹಾಸಿಗೆ ಹಿಡಿದರು. ನಾಲ್ಕು ತಿಂಗಳು. ಸಭೆಯವರು ಬರುತ್ತಿದ್ದರು, ಪ್ರಾರ್ಥನೆ ಮಾಡುತ್ತಿದ್ದರು. ಹೊರಡುವಾಗ ಬಾಗಿಲ ಹತ್ತಿರ ನಿಂತು ಎಲ್ಲರೂ ಒಂದೇ ಮಾತು ಹೇಳುತ್ತಿದ್ದರು. "ಏನಾದರೂ ಬೇಕಿದ್ದರೆ ಹೇಳಿ, ಸಂಕೋಚ ಬೇಡ." ಒಳ್ಳೆಯ ಮಾತೇ. ಆದರೆ ನಮಗೆ ಏನು ಬೇಕು ಎಂದು ಯೋಚಿಸುವಷ್ಟು ತ್ರಾಣವೂ ಆಗ ನಮ್ಮಲ್ಲಿ ಉಳಿದಿರಲಿಲ್ಲ. "ಆಗಲಿ, ಹೇಳ್ತೇವೆ" ಅನ್ನುತ್ತಿದ್ದೆವು. ಹೇಳಲಿಲ್ಲ. ಯಾರೂ ಹೇಳುವುದಿಲ್ಲ.

ಒಬ್ಬರು ಮಾತ್ರ ಹಾಗೆ ಕೇಳಲಿಲ್ಲ. ನಾವು ಅವರನ್ನು ಆಂಟಿ ಎಂದು ಕರೆಯುತ್ತಿದ್ದೆವು. ಬಂದು ಅಮ್ಮನ ಕೈ ಹಿಡಿದು ಸ್ವಲ್ಪ ಹೊತ್ತು ಕೂತರು. ಆಮೇಲೆ ಎದ್ದು, ಮೂಲೆಯಲ್ಲಿ ರಾಶಿ ಬಿದ್ದಿದ್ದ ಬೆಡ್‌ಶೀಟು, ಟವೆಲ್ಲು, ದಿಂಬಿನ ಕವರುಗಳನ್ನೆಲ್ಲ ಒಂದು ಚೀಲಕ್ಕೆ ತುಂಬಿಕೊಂಡರು. ನನಗೆ ಮುಜುಗರ. "ಬೇಡ ಆಂಟಿ, ತುಂಬಾ ಗಲೀಜಾಗಿದೆ" ಅಂದೆ. "ಗಲೀಜಾಗದೆ ಇದ್ರೆ ಒಗೆಯೋದು ಯಾಕಪ್ಪಾ?" ಎಂದು ಹೊರಟೇಬಿಟ್ಟರು. ಎರಡು ದಿನಕ್ಕೆ ಎಲ್ಲವನ್ನೂ ಒಗೆದು, ಮಡಚಿ ತಂದಿಟ್ಟು, ಹೊಸ ರಾಶಿಯನ್ನು ಹೊತ್ತುಕೊಂಡು ಹೋದರು. ನಾಲ್ಕು ತಿಂಗಳೂ ಹೀಗೇ ನಡೆಯಿತು.

ಅಮ್ಮ ತೀರಿಕೊಂಡ ಮೇಲೆ ನಾನು ಬದಲಾದೆ ಎಂದು ನೀವು ಅಂದುಕೊಂಡರೆ ಅದು ತಪ್ಪು. ಈಗಲೂ ಯಾರದೋ ಮನೆಯ ಬಾಗಿಲಲ್ಲಿ ನಿಂತು "ಏನಾದರೂ ಬೇಕಿದ್ದರೆ ಹೇಳಿ" ಅನ್ನುವ ಬಾಯಿ ನನ್ನದೇ. ಎಷ್ಟೋ ಸಲ ಅದೂ ಇಲ್ಲ. ಫೋನಿನಲ್ಲಿ ಕೈಮುಗಿದ ಚಿತ್ರ ಒಂದು ಕಳಿಸಿ, "ಪ್ರಾರ್ಥನೆಯಲ್ಲಿ ನೆನೆಯುತ್ತೇವೆ" ಎಂದು ಬರೆದು, ಮುಂದಿನ ಮೆಸೇಜಿಗೆ ಹೋಗಿಬಿಡುತ್ತೇನೆ. ನೆನೆಯುವುದೂ ಮರೆತುಹೋಗಿರುತ್ತದೆ.

ಬೈಬಲಿನಲ್ಲಿ ಯಾಕೋಬ ತನ್ನ ಪತ್ರದ ಎರಡನೇ ಅಧ್ಯಾಯದಲ್ಲಿ ಈ ಬಾಗಿಲ ಮಾತನ್ನೇ ಹಿಡಿದು ಕೇಳುತ್ತಾನೆ. ಒಬ್ಬ ಸಹೋದರನಿಗೋ ಸಹೋದರಿಗೋ ಬಟ್ಟೆಯಿಲ್ಲ, ಆ ಹೊತ್ತಿನ ಊಟವಿಲ್ಲ. ನೀವು "ಸಮಾಧಾನದಿಂದ ಹೋಗಿ, ಬೆಚ್ಚಗಿರಿ, ಹೊಟ್ಟೆ ತುಂಬಿಸಿಕೊಳ್ಳಿ" ಎಂದು ಹರಸಿ, ಬೇಕಾದದ್ದನ್ನು ಕೊಡದೆ ಕಳಿಸಿದರೆ ಏನು ಬಂತು? ಕ್ರಿಯೆ ಇಲ್ಲದ ನಂಬಿಕೆ ಸತ್ತದ್ದು ಎನ್ನುವ ಪ್ರಸಿದ್ಧ ಮಾತು ಬರುವುದು ಇದರ ಬೆನ್ನಿಗೇ. ಗಮನಿಸಿ, ಆ ಹಾರೈಕೆಯಲ್ಲಿ ತಪ್ಪೇನೂ ಇಲ್ಲ. ಚೆನ್ನಾಗಿಯೇ ಇದೆ. ಚೆನ್ನಾಗಿ ಮಾತಾಡಿ ಮನೆಗೆ ಹೋಗಿ ಮಲಗಿದರು ಅನ್ನುವುದೇ ಯಾಕೋಬನ ತಕರಾರು.

ಬಟ್ಟೆಯ ಮಾತು ಬಂದಾಗ ನನಗೆ ಯೊಪ್ಪ ಊರಿನ ತಬಿಥಾ ನೆನಪಾಗುತ್ತಾಳೆ. ಗ್ರೀಕಿನಲ್ಲಿ ಅವಳ ಹೆಸರು ದೊರ್ಕಾ. ಎರಡರ ಅರ್ಥವೂ ಜಿಂಕೆ. ಅಪೊಸ್ತಲರ ಕೃತ್ಯಗಳ 9ನೇ ಅಧ್ಯಾಯದಲ್ಲಿ ಅವಳ ಕಥೆ ಇದೆ. ಶಿಷ್ಯ ಎನ್ನುವ ಪದದ ಹೆಣ್ಣು ರೂಪ ಹೊಸ ಒಡಂಬಡಿಕೆಯ ಗ್ರೀಕಿನಲ್ಲಿ ಒಂದೇ ಒಂದು ಸಲ ಬರುತ್ತದೆ. ಅದು ಬರುವುದು ಇವಳಿಗೆ. ಹಾಗಾದರೆ ಇವಳು ಏನು ಬೋಧಿಸಿದಳು? ಒಂದು ಮಾತೂ ದಾಖಲಾಗಿಲ್ಲ. ಅವಳು ಸತ್ತಾಗ ಯೇಸುವಿನ ಶಿಷ್ಯ ಪೇತ್ರನನ್ನು ಕರೆಸುತ್ತಾರೆ. ಅವನು ಮಾಳಿಗೆಯ ಕೋಣೆಗೆ ಬಂದರೆ ವಿಧವೆಯರೆಲ್ಲ ಸುತ್ತ ನಿಂತು ಅಳುತ್ತಾ, ಅವಳು ಹೊಲಿದುಕೊಟ್ಟ ಅಂಗಿಗಳನ್ನೂ ಮೇಲುಹೊದಿಕೆಗಳನ್ನೂ ಒಂದೊಂದಾಗಿ ತೋರಿಸುತ್ತಾರೆ. ಆಮೇಲೆ ಪೇತ್ರ ಪ್ರಾರ್ಥಿಸುತ್ತಾನೆ, ಅವಳು ಎದ್ದು ಕೂರುತ್ತಾಳೆ. ಅದು ದೊಡ್ಡ ಅದ್ಭುತ, ನಿಜ. ಆದರೆ ನನ್ನ ಕಣ್ಣು ಮಾತ್ರ ಆ ಅಂಗಿಗಳ ಮೇಲೆಯೇ ನಿಂತುಬಿಡುತ್ತದೆ. ಸಾವಿನ ಮನೆಯಲ್ಲಿ ಅಂಗಿ ತೋರಿಸಿ ಅಳುವುದು! ಅಂಗಿಯ ಅಳತೆ ತೆಗೆಯಬೇಕಾದರೆ ಅವಳು ಪ್ರತಿಯೊಬ್ಬರ ಹತ್ತಿರ ಹೋಗಿ ನಿಂತಿರಬೇಕಲ್ಲ.

ಇಲ್ಲಿ ಯಾರಾದರೂ ತಡೆದು ಕೇಳಬಹುದು. ರಕ್ಷಣೆ ಸಿಗುವುದು ನಂಬಿಕೆಯಿಂದ, ದೇವರ ಕೃಪೆಯಿಂದ ಅಂತ ಯೇಸುವಿನ ಸಂದೇಶ ಸಾರಿದ ಪೌಲ ಹೇಳಿಲ್ಲವೇ? ಹೇಳಿದ್ದಾನೆ. ಎಫೆಸದವರಿಗೆ ಬರೆದ ಪತ್ರದ ಎರಡನೇ ಅಧ್ಯಾಯದಲ್ಲಿ, ಯಾರೂ ಕೊಚ್ಚಿಕೊಳ್ಳದಂತೆ ಇದು ದೇವರ ವರ, ಕ್ರಿಯೆಗಳ ಫಲ ಅಲ್ಲ ಎಂದು ಸ್ಪಷ್ಟವಾಗಿಯೇ ಇದೆ. ನಮ್ಮವರು ಎಷ್ಟೋ ಸಲ ಅಲ್ಲಿಗೇ ಪುಸ್ತಕ ಮುಚ್ಚುತ್ತಾರೆ. ಮುಂದಿನ ವಚನದಲ್ಲೇ ಅವನು, ಸತ್ಕ್ರಿಯೆಗಳನ್ನು ಮಾಡಲಿಕ್ಕಾಗಿಯೇ ದೇವರು ನಮ್ಮನ್ನು ಉಂಟುಮಾಡಿದ್ದಾನೆ ಎಂದು ಬರೆದಿದ್ದಾನೆ.

ನಂಬಿಕೆಯೊಂದರಿಂದಲೇ ರಕ್ಷಣೆ ಎಂದು ಸಾರಿ ಕಥೋಲಿಕ ಸಭೆಯಿಂದ ಬೇರೆಯಾದ ಜರ್ಮನ್ ಸುಧಾರಕ ಮಾರ್ಟಿನ್ ಲೂಥರ್‌ಗೆ ಯಾಕೋಬನ ಪತ್ರ ಅಷ್ಟಾಗಿ ಹಿಡಿಸಲಿಲ್ಲ. 1522ರಲ್ಲಿ ಅದನ್ನು ಹುಲ್ಲಿನಂಥ ಪತ್ರ ಎಂದೇ ಕರೆದರು. ಆದರೆ 1527ರಲ್ಲಿ ಅವರಿದ್ದ ವಿಟನ್‌ಬರ್ಗ್ ಊರಿಗೆ ಪ್ಲೇಗ್ ಬಂತು. ವಿಶ್ವವಿದ್ಯಾಲಯವೇ ಬೇರೆ ಊರಿಗೆ ಹೋಯಿತು. ಲೂಥರ್ ಹೋಗಲಿಲ್ಲ. ಬಸುರಿ ಹೆಂಡತಿ ಕಥರೀನಾ ಜೊತೆ ಅಲ್ಲೇ ಉಳಿದು ರೋಗಿಗಳನ್ನು ಮನೆಯೊಳಗೇ ಇಟ್ಟುಕೊಂಡು ನೋಡಿಕೊಂಡರು. ಯಾಕೋಬ ಇದನ್ನು ನೋಡಿದ್ದರೆ ನಗುತ್ತಿದ್ದನೇನೋ. 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗ್‌ನಲ್ಲಿ ಕಥೋಲಿಕ ಸಭೆಯೂ ಲೂಥರನ್ ವಿಶ್ವ ಒಕ್ಕೂಟವೂ ಒಂದು ಜಂಟಿ ಹೇಳಿಕೆಗೆ ಸಹಿ ಹಾಕಿದವು. ನಮ್ಮನ್ನು ದೇವರು ಸ್ವೀಕರಿಸುವುದು ಕೃಪೆಯಿಂದ, ಒಳ್ಳೆಯ ಕೆಲಸಗಳು ಅದರ ಫಲ ಎಂದು ಎರಡೂ ಕಡೆಯವರು ಒಪ್ಪಿಕೊಂಡರು. ನಾಲ್ಕು ಶತಮಾನಕ್ಕೂ ಹೆಚ್ಚಿನ ಜಗಳ.

ನನಗೆ ಅದಕ್ಕಿಂತ ಇಷ್ಟವಾಗುವ ರಾಜಿ ಗಲಾತ್ಯದವರ ಪತ್ರದಲ್ಲಿದೆ. ಯೆರೂಸಲೇಮಿನಲ್ಲಿ ಪೌಲನಿಗೆ ಯಾಕೋಬ, ಪೇತ್ರ, ಯೋಹಾನ ಮೂವರೂ ಬಲಗೈ ಕೊಟ್ಟರು. ನೀನು ಅನ್ಯಜನರ, ಅಂದರೆ ಯೆಹೂದ್ಯರಲ್ಲದವರ ಕಡೆಗೆ ಹೋಗು, ನಾವು ನಮ್ಮವರ ಕಡೆಗೆ ಹೋಗುತ್ತೇವೆ ಎಂದು ಕೆಲಸ ಹಂಚಿಕೊಂಡರು. ಅವರು ಕೇಳಿಕೊಂಡದ್ದು ಒಂದೇ: ಬಡವರನ್ನು ಮರೆಯಬೇಡ. ಅದನ್ನು ಮಾಡಲು ನನಗೂ ಆಸಕ್ತಿಯಿತ್ತು ಎನ್ನುತ್ತಾನೆ ಪೌಲ. ಆಮೇಲೆ ಕೊರಿಂಥ, ಮಕೆದೋನ್ಯ ಎಂದು ಸುತ್ತಿ ಯೆರೂಸಲೇಮಿನ ಬಡವರಿಗಾಗಿ ಹಣ ಕೂಡಿಸಿದ.

ಈ ಕೃಪೆಯ ಮಾತು ನನಗೆ ಯಾಕೆ ಮುಖ್ಯ ಅಂದರೆ, ಅದಿಲ್ಲದೆ ಒಳ್ಳೆಯ ಕೆಲಸ ಬೇಗ ಹುಳಿಯುತ್ತದೆ. ಸ್ವರ್ಗ ಸಿಗಲಿ ಅಂತ ನಾನು ಒಬ್ಬ ಬಡವನಿಗೆ ಕೊಟ್ಟರೆ ಅವನು ನನಗೆ ಏಣಿ. ಮೆಟ್ಟಿ ಹತ್ತಿಬಿಟ್ಟೆ, ಅಷ್ಟೇ. ಅವನ ಮುಖ ನೋಡಬೇಕಾದ ಅಗತ್ಯವೇ ಇಲ್ಲ. ನನಗೆ ಆಗಲೇ ಬಿಟ್ಟಿಯಾಗಿ ಸಿಕ್ಕಿದೆ ಎಂದಾದರೆ ಮಾತ್ರ ಅವನ ಮುಖ ನೋಡಲು ಪುರುಸೊತ್ತು ಸಿಗುತ್ತದೆ.

ಸಮಾರ್ಯದವನ ಕಥೆ ನಿಮಗೆಲ್ಲ ಗೊತ್ತು. ಪೂರ್ತಿ ಹೇಳುವುದಿಲ್ಲ. ಕೊನೆಯ ಭಾಗ ಮಾತ್ರ ನೋಡಿ. ದಾರಿಯಲ್ಲಿ ಕಳ್ಳರು ಹೊಡೆದು ಬಿಟ್ಟುಹೋದವನ ಗಾಯಕ್ಕೆ ಅವನು ಎಣ್ಣೆ, ದ್ರಾಕ್ಷಾರಸ ಹಾಕಿ ಕಟ್ಟುತ್ತಾನೆ. ತನ್ನ ವಾಹನದ ಮೇಲೆ ಕೂರಿಸಿ ಛತ್ರಕ್ಕೆ ತರುತ್ತಾನೆ. ಒಂದು ರಾತ್ರಿ ನೋಡಿಕೊಳ್ಳುತ್ತಾನೆ. ಮರುದಿನ ಛತ್ರದವನ ಕೈಗೆ ಎರಡು ದಿನಾರಿ, ಅಂದರೆ ಎರಡು ದಿನದ ಕೂಲಿಯಷ್ಟು ಹಣ ಕೊಟ್ಟು, ಜಾಸ್ತಿ ಖರ್ಚಾದರೆ ವಾಪಸ್ ಬರುವಾಗ ಕೊಡುತ್ತೇನೆ ಎಂದು ಹೇಳಿ ತನ್ನ ದಾರಿ ಹಿಡಿಯುತ್ತಾನೆ. ಹೊರಟುಹೋದ! ಅವನು ಎಲ್ಲವನ್ನೂ ತಾನೇ ಮಾಡಲಿಲ್ಲ. ತನ್ನ ಕೆಲಸ ಬಿಟ್ಟು ಅಲ್ಲೇ ಕೂರಲಿಲ್ಲ. ಜಗತ್ತಿನ ಭಾರವೆಲ್ಲ ತನ್ನ ಹೆಗಲ ಮೇಲೆಯೇ ಇದೆ ಅಂದುಕೊಂಡು ಸುಸ್ತಾದವರು ಈ ಭಾಗವನ್ನು ಇನ್ನೊಮ್ಮೆ ಓದಬೇಕು. ಅಂದ ಹಾಗೆ, ಆ ಛತ್ರದವನ ಬಗ್ಗೆ ಯಾರೂ ಪ್ರಸಂಗ ಮಾಡುವುದಿಲ್ಲ. ಉಳಿದ ದಿನಗಳ ಬ್ಯಾಂಡೇಜು ಬದಲಾಯಿಸಬೇಕಾದವನು ಅವನು.

ಮತ್ತಾಯನ ಆ ಪಟ್ಟಿಗೆ ವಾಪಸ್ ಬರೋಣ. ಕಾಯಿಲೆಯವನನ್ನು ವಾಸಿ ಮಾಡಿದಿರಿ ಎಂದು ಅರಸ ಹೇಳುವುದಿಲ್ಲ. ಆರೈಕೆ ಮಾಡಿದಿರಿ ಎನ್ನುತ್ತಾನೆ. ಸೆರೆಯಿಂದ ಬಿಡಿಸಿದಿರಿ ಎಂದೂ ಇಲ್ಲ. ಬಂದಿರಿ, ಅಷ್ಟೇ.

ಎಲಿಜಬೆತ್ ಫ್ರೈ 1813ರಲ್ಲಿ ಲಂಡನ್ನಿನ ನ್ಯೂಗೇಟ್ ಜೈಲಿಗೆ ಮೊದಲ ಸಲ ಹೋದಾಗ ಕೈಯಲ್ಲಿದ್ದದ್ದು ಶಿಶುಗಳಿಗೆ ಬೆಚ್ಚಗಿನ ಬಟ್ಟೆ. ಅವರು ಕ್ವೇಕರ್ ಎಂಬ ಕ್ರೈಸ್ತ ಪಂಥದವರು. ಹೆಂಗಸರೂ ಮಕ್ಕಳೂ ಒಟ್ಟಿಗೆ ಕಿಕ್ಕಿರಿದಿದ್ದ ಜಾಗ ಅದು. ಅಷ್ಟು ಕಂಡ ಮೇಲೂ ಮತ್ತೆ ಅಲ್ಲಿಗೆ ಹೋಗಲು ಅವರಿಗೆ ಮೂರು ವರ್ಷಕ್ಕೂ ಜಾಸ್ತಿ ಹಿಡಿಯಿತು. ಹನ್ನೊಂದು ಮಕ್ಕಳನ್ನು ಹೆತ್ತ ತಾಯಿ. ಮನೆಯ ಕಷ್ಟಗಳೂ ಇದ್ದವು. ನನಗೆ ಆ ಮೂರು ವರ್ಷದ ಅಂತರವೇ ಧೈರ್ಯ ಕೊಡುತ್ತದೆ. ನಡುವೆ ಬಿಟ್ಟವರೂ ಮತ್ತೆ ಹೋಗಬಹುದು. ಮತ್ತೆ ಹೋದಾಗ ಅವರು ಬುದ್ಧಿಮಾತಿನಿಂದ ಶುರು ಮಾಡಲಿಲ್ಲ. ನಿಮ್ಮ ಮಕ್ಕಳಿಗೆ ಏನಾದರೂ ಮಾಡೋಣವೇ ಎಂದು ಆ ತಾಯಂದಿರನ್ನೇ ಕೇಳಿದರು. ಜೈಲಿನೊಳಗೆ ಒಂದು ಶಾಲೆ ಶುರುವಾಯಿತು. ಮೊದಲ ಟೀಚರ್ ಹೊರಗಿನಿಂದ ಬಂದವರಲ್ಲ, ಕೈದಿಗಳೇ ತಮ್ಮೊಳಗಿಂದ ಆರಿಸಿದ ಹೆಂಗಸು. 1817ರಲ್ಲಿ ನಿಯಮಗಳನ್ನು ಮಾಡಿದಾಗಲೂ ಒಂದೊಂದನ್ನೂ ಓದಿ, ಒಪ್ಪಿಗೆ ಇದ್ದವರು ಕೈ ಎತ್ತಿ ಎಂದರು. ಜೈಲಿನಲ್ಲಿದ್ದವರ ಅಭಿಪ್ರಾಯವನ್ನು ಅದಕ್ಕೂ ಮೊದಲು ಯಾರು ಕೇಳಿದ್ದರು?

ಇನ್ನು ಒಂದು ಕಹಿ ಮಾತು ಹೇಳಿಬಿಡುತ್ತೇನೆ. ಕೊಡುವವರ ಕೈಯೂ ತೆಗೆದುಕೊಳ್ಳುವವರ ಮುಖವೂ ಒಂದೇ ಫೋಟೋದಲ್ಲಿ ಬರುವ ಹಾಗೆ ನಿಲ್ಲಿಸುವುದು ನನಗೆ ಸರಿ ಕಾಣುವುದಿಲ್ಲ. ಬಲಗೈ ಮಾಡಿದ್ದು ಎಡಗೈಗೂ ಗೊತ್ತಾಗದಿರಲಿ ಎಂದು ಯೇಸುಸ್ವಾಮಿ ಹೇಳಿದರು. ನಾವು ಎಡಗೈಗೆ ಕ್ಯಾಮೆರಾ ಕೊಟ್ಟಿದ್ದೇವೆ. ಅದಕ್ಕಿಂತ ಕೆಟ್ಟದ್ದು, ಕೊಟ್ಟದ್ದಕ್ಕೆ ಬದಲಾಗಿ ನಮ್ಮ ಕೂಟಕ್ಕೆ ಬರಬೇಕು, ನಮ್ಮ ಮಾತು ಕೇಳಬೇಕು ಅನ್ನುವ ಷರತ್ತು. ಲೂಕನ ಸುವಾರ್ತೆಯಲ್ಲಿ ಹತ್ತು ಮಂದಿ ಕುಷ್ಠರೋಗಿಗಳು ಗುಣವಾಗುತ್ತಾರೆ. ಕೃತಜ್ಞತೆ ಹೇಳಲು ವಾಪಸ್ ಬಂದವನು ಒಬ್ಬನೇ. ಮಿಕ್ಕ ಒಂಬತ್ತು ಜನ ಎಲ್ಲಿ ಎಂದು ಯೇಸುಸ್ವಾಮಿ ಕೇಳಿದ್ದು ನಿಜ. ಆದರೆ ಅವರ ಕಾಯಿಲೆಯನ್ನು ವಾಪಸ್ ಕಳಿಸಲಿಲ್ಲ.

ಷರತ್ತಿಲ್ಲದೆ ಕೊಟ್ಟರೆ ಏನಾಗುತ್ತದೆ ಎನ್ನುವುದಕ್ಕೆ ಸಾಕ್ಷಿ ಹೇಳಿದವನು ಒಬ್ಬ ವಿರೋಧಿ. ರೋಮನ್ ಚಕ್ರವರ್ತಿ ಜೂಲಿಯನ್. ಅವನಿಗೆ ಕ್ರೈಸ್ತರನ್ನು ಕಂಡರೆ ಆಗುತ್ತಿರಲಿಲ್ಲ, ಹಳೆಯ ದೇವರುಗಳ ಪೂಜೆಯನ್ನು ಮತ್ತೆ ಎತ್ತಿ ನಿಲ್ಲಿಸಬೇಕೆಂದು ಹೊರಟಿದ್ದ. 362ರಲ್ಲಿ ಗಲಾತ್ಯದ ಪೂಜಾರಿಗೆ ಬರೆದ ಪತ್ರದಲ್ಲಿ ಗೊಣಗುತ್ತಾನೆ: ಈ ಗಲಿಲಾಯದವರು (ಕ್ರೈಸ್ತರನ್ನು ಅವನು ಕರೆಯುತ್ತಿದ್ದದ್ದು ಹಾಗೆ) ತಮ್ಮ ಬಡವರನ್ನು ಮಾತ್ರವಲ್ಲ, ನಮ್ಮ ಬಡವರನ್ನೂ ಸಾಕುತ್ತಾರೆ, ನಮಗೆ ನಾಚಿಕೆ. ಆಮೇಲೆ ತಾನೂ ಊರೂರಿಗೆ ಛತ್ರ ಕಟ್ಟಿಸಲು ಅಪ್ಪಣೆ ಮಾಡುತ್ತಾನೆ, ಧಾನ್ಯವನ್ನೂ ದ್ರಾಕ್ಷಾರಸವನ್ನೂ ಮಂಜೂರು ಮಾಡುತ್ತಾನೆ. "ನಮ್ಮ ಬಡವರನ್ನೂ" ಎಂಬ ಆ ಮಾತು ನೋಡಿ. ಹಾಗೆ ಬೈಸಿಕೊಳ್ಳುವುದಾದರೆ ಬೈಸಿಕೊಳ್ಳೋಣ.

ನಮ್ಮ ಆಂಟಿಯ ವಿಷಯಕ್ಕೆ ಬರುತ್ತೇನೆ. ಅಮ್ಮ ಹೋಗಿ ವರ್ಷದ ಮೇಲೆ, ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ಅವರು ಸಿಕ್ಕಿದರು. ನಾನು ಅಷ್ಟು ದಿನ ಹೇಳದೆ ಇಟ್ಟುಕೊಂಡಿದ್ದನ್ನು ಹೇಳಿದೆ. ಆಂಟಿ, ಆ ನಾಲ್ಕು ತಿಂಗಳು ನೀವು ಒಗೆದುಕೊಟ್ಟ ಬಟ್ಟೆ, ಅದನ್ನು ನಾವು ಮರೆಯೋದಿಲ್ಲ. ಅವರು ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದರು. "ನಾಲ್ಕು ತಿಂಗಳಾ? ಒಂದೆರಡು ಸಲ ಬಂದಿದ್ದೆ ಅಷ್ಟೇ ಅಲ್ವೇನಪ್ಪಾ?" ಅಂದರು. ನಾಟಕ ಆಗಿರಲಿಲ್ಲ. ನಿಜವಾಗಿಯೂ ನೆನಪಿರಲಿಲ್ಲ. ಆಮೇಲೆ ಏನೋ ಹೊಳೆದು ಅವರ ಮುಖ ಸಪ್ಪಗಾಯಿತು. ನನ್ನ ತೋಳು ಹಿಡಿದುಕೊಂಡು ಹೇಳಿದರು: "ಹೌದು ನೋಡು, ನಿಮ್ಮ ದಿಂಬಿನ ಕವರ್ ಒಂದು ನಮ್ಮ ಮನೆಯಲ್ಲೇ ಉಳಿದುಹೋಗಿದೆ. ನೀಲಿದು. ಮುಂದಿನ ವಾರ ತಂದುಕೊಡ್ತೀನಿ."

ನಮಸ್ಕಾರ.